ಬೊಲೆರೊ ಪಿಕಪ್‌ಗೆ ರಿವರ್ಸ್ ಕ್ಯಾಮೆರಾ ನಾವೇ ಹಾಕಿಕೊಳ್ಳಬಹುದಾ?

ಹಾಕಿಕೊಳ್ಳಬಹುದು. ಟೆಸ್ಟ್ ಲ್ಯಾಂಪ್ (ವೈರಲ್ಲಿ ಕರೆಂಟ್ ಇದೆಯಾ ಅಂತ ತೋರಿಸೋ ಸಣ್ಣ ಲೈಟು) ಹಿಡಿಯೋಕೆ ಬರುತ್ತೆ, ಗಾಡಿ ಕೆಳಗೆ ಮಲಗೋಕೆ ಬೇಜಾರಿಲ್ಲ ಅಂದ್ರೆ ಒಂದು ಭಾನುವಾರದ ಕೆಲಸ. ನೀವು ಬರೆದಿರೋ ಪ್ರಕಾರ ಗಾಡಿ ಹಳೇ ಬೊಲೆರೊ ಪಿಕಪ್, ಓಡಿಸೋದು ನಿಮ್ಮ ತಂದೆ, ಅಂಗಡಿಯವರು ಏಳು ಸಾವಿರ ಕೇಳಿದ್ದಾರೆ, ಕಾರಿಗೆ ಹಾಕೋ ಸೆಟ್ಟೇ ಇದಕ್ಕೂ ಆಗುತ್ತಾ ಅನ್ನೋದು ಪ್ರಶ್ನೆ. ಕ್ಯಾಮೆರಾ ಆಗುತ್ತೆ. ಅದರ ಜೊತೆ ಬರೋ ವೈರು ಆಗಲ್ಲ, ಕಾರಿನಲ್ಲಿ ಅದನ್ನು ಕೂರಿಸೋ ಜಾಗ ಪಿಕಪ್‌ನಲ್ಲಿ ಆಗಲ್ಲ. ನಾನು ಎರಡರಲ್ಲೂ ಎಡವಿದವನು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ನಮ್ಮದೂ ಅದೇ ಗಾಡಿ. ಶ್ರೀನಿವಾಸಪುರದ ಕಡೆಯಿಂದ ಕೋಲಾರದ ಎಪಿಎಂಸಿಗೆ ಟೊಮೆಟೊ ಹೊಡೀತೀವಿ. ಬಾಡಿ ತುಂಬ 15 ಕೆಜಿ ಕ್ರೇಟ್ ಜೋಡಿಸಿದ ಮೇಲೆ ಒಳಗಿನ ಕನ್ನಡಿಯಲ್ಲಿ ಕಾಣೋದು ಬರೀ ಕ್ರೇಟು. ಆಚೀಚೆ ಕನ್ನಡಿಗಳು ಪಕ್ಕ ತೋರಿಸ್ತವೆ, ನೇರ ಬೆನ್ನಿಗೆ ಯಾರಿದ್ದಾರೆ ಅಂತ ತೋರಿಸಲ್ಲ. ಹುಡುಗ ಜೊತೆಗಿದ್ದ ದಿನ ‘ಬರ್ಲಿ, ಬರ್ಲಿ’ ಅಂತ ಬಾಡಿ ತಟ್ಟಿಕೊಂಡು ಬರ್ತಾನೆ. ಅವನಿಲ್ಲದ ಒಂದು ದಿನ ಮಂಡಿ ಮುಂದೆ ಹಿಂದಕ್ಕೆ ಬಿಟ್ಟು ತೂಕದ ಯಂತ್ರಕ್ಕೆ ಗುದ್ದಿದೆ. ಯಂತ್ರದಿಂದ ಒಂದು ಮೊಳ ಆಚೆಗೆ ಹಮಾಲಿಯೊಬ್ಬರು ಕುಕ್ಕರಗಾಲಲ್ಲಿ ಕೂತು ಬೀಡಿ ಹಚ್ತಾ ಇದ್ದರು. ಅವತ್ತು ರಾತ್ರಿ ಊಟ ಸೇರಲಿಲ್ಲ. 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯವಾಯ್ತು. ನಮ್ಮ ಗೂಡ್ಸ್ ಗಾಡಿ ಬಂದಾಗ ಅಂಥದ್ದೇನೂ ಇರಲಿಲ್ಲ. ಮುಂದಿನ ವಾರವೇ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ.

ಹೋಗಿ ತಂದಿದ್ದು ವೈರ್‌ಲೆಸ್ ಸೆಟ್ಟು. ವೈರ್ ಎಳೆಯೋ ತಾಪತ್ರಯ ತಪ್ಪುತ್ತಲ್ಲ ಅಂತ ಆಸೆ. ತಪ್ಪಲ್ಲ. ಚಿತ್ರ ಗಾಳಿಯಲ್ಲಿ ಬಂದರೂ ಕ್ಯಾಮೆರಾಗೆ ಕರೆಂಟ್ ವೈರಲ್ಲೇ ಕೊಡಬೇಕು. ಇಂಥ ಅಗ್ಗದ ಸೆಟ್ಟುಗಳು ಓಡೋದು ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್‌ನಲ್ಲಿ, ವೈಫೈ ಬ್ಲೂಟೂತ್ ಎಲ್ಲ ಅಲ್ಲೇ ಗಲಾಟೆ ಮಾಡ್ತವೆ. ಮಧ್ಯೆ ಕಬ್ಬಿಣದ ಬಾಡಿ ಬೇರೆ. ಹೊಲದಲ್ಲಿ ಚೆನ್ನಾಗಿತ್ತು, ಮಾರ್ಕೆಟ್‌ನಲ್ಲಿ ಚಿತ್ರ ಆಗಾಗ ನಿಂತುಬಿಡೋದು. ನಿಂತ ಚಿತ್ರದಲ್ಲಿ ಜಾಗ ಖಾಲಿ ಕಾಣುತ್ತೆ, ಅಷ್ಟರಲ್ಲಿ ಯಾರೋ ಬಂದು ನಿಂತಿರ್ತಾರೆ. ಇದಕ್ಕಿಂತ ಕ್ಯಾಮೆರಾ ಇಲ್ಲದಿರೋದೇ ವಾಸಿ, ಭಯವಾದರೂ ಇರುತ್ತೆ.

ಅದನ್ನು ಬಿಚ್ಚಿಟ್ಟು ವೈರಿನ ಸೆಟ್ಟೇ ಹಾಕಿದೆ. ಇನ್ನು ಜಾಗದ ವಿಷಯ. ಆನ್‌ಲೈನ್‌ನಲ್ಲಿ ನಂಬರ್ ಪ್ಲೇಟಿನ ಬೋಲ್ಟಿಗೇ ಸಿಕ್ಕಿಸೋ ಕ್ಯಾಮೆರಾ ಚೆಂದ ಕಾಣುತ್ತೆ, ತಗೋಬೇಡಿ. ಎಚ್‌ಎಸ್‌ಆರ್‌ಪಿ ಪ್ಲೇಟಿಗೆ ಹಾಕಿರೋದು ಬಿಚ್ಚೋಕೆ ಬಾರದ ಸ್ನ್ಯಾಪ್ ಲಾಕು. ಹಿಂದಿನ ಡೋರ್ ಮೇಲೂ ಬೇಡ. ಲೋಡ್ ಮಾಡುವಾಗ ಡೋರ್ ಕೆಳಗೆ ಬಿಟ್ಟರೆ ಕ್ಯಾಮೆರಾ ನೆಲ ನೋಡುತ್ತೆ, ಡೋರ್ ದಿನಕ್ಕೆ ಹತ್ತು ಸಲ ಮಡಚಿ ಬಿಚ್ಚಿ ವೈರು ಒಳಗೇ ತುಂಡಾಗುತ್ತೆ. ನಾನು ಕೂರಿಸಿರೋದು ಬಾಡಿ ತಳದ ಹಿಂದಿನ ಅಡ್ಡಪಟ್ಟಿಗೆ, ನಂಬರ್ ಪ್ಲೇಟ್ ಲೈಟಿನ ಪಕ್ಕ, ಲೈಟಿಗೆ ಅಡ್ಡ ಬಾರದ ಹಾಗೆ. ಲೆನ್ಸು ಪಟ್ಟಿಯಿಂದ ಅರ್ಧ ಇಂಚು ಒಳಗಿದೆ, ಪ್ಲಾಟ್‌ಫಾರ್ಮಿಗೆ ತಾಗಿದರೂ ಏಟು ಪಟ್ಟಿಗೆ ಬೀಳುತ್ತೆ. ಡೋರ್ ಪೂರ್ತಿ ಇಳಿಬಿಟ್ಟಾಗ ಮಾತ್ರ ಇದಕ್ಕೂ ಅಡ್ಡ ಬರುತ್ತೆ. ಡೋರ್ ಬಿಟ್ಟುಕೊಂಡು ರಿವರ್ಸ್ ಹೋಗೋ ಅಭ್ಯಾಸ ಇದ್ದರೆ ಅದನ್ನು ಬಿಡಬೇಕು. ಅಷ್ಟು ಕೆಳಗೆ ಕೆಸರು ಹಾರುತ್ತೆ, ಬೆಳಿಗ್ಗೆ ಗ್ಲಾಸ್ ಒರೆಸೋ ಬಟ್ಟೆಯಲ್ಲೇ ಅದನ್ನೂ ಒಂದು ಸಲ ಒರೆಸಿ. ನೀರು, ಧೂಳು ಎಷ್ಟು ತಡೆಯುತ್ತೆ ಅಂತ ಹೇಳೋ ಐಪಿ ನಂಬರ್ 67ಕ್ಕಿಂತ ಕಡಿಮೆ ಇರೋದು ತರಬೇಡಿ. ಕ್ಯಾಮೆರಾ ಒಂದು ಕಡೆ ಪರದೆ ಒಂದು ಕಡೆ ಕೊಂಡರೆ ಎರಡೂ ಎಎಚ್‌ಡಿ ಅಥವಾ ಎರಡೂ ಸಾದಾ ಇರಲಿ (ಎಎಚ್‌ಡಿ ಅಂದ್ರೆ ಹೆಚ್ಚು ಸ್ಪಷ್ಟ ಚಿತ್ರ ಕಳಿಸೋ ಬಗೆ), ಕಲಸಿದರೆ ಚಿತ್ರ ಬರದೆ ಹೋಗಬಹುದು.

ಕಾರಿನ ಸೆಟ್ಟಲ್ಲಿ ಸಾಮಾನ್ಯವಾಗಿ 6 ಮೀಟರ್ ಕೇಬಲ್ ಇರುತ್ತೆ. ನಮ್ಮ ಗಾಡಿಯೇ ಸುಮಾರು 5 ಮೀಟರ್; ಚಾಸಿ ಸುತ್ತಿ, ಕ್ಯಾಬಿನ್ನಿಗೆ ಹತ್ತಿ, ಪಿಲ್ಲರ್ ಏರಿ ಕನ್ನಡಿ ಹತ್ತಿರ ಬರೋಷ್ಟರಲ್ಲಿ ಅದು ಮುಗಿದಿರುತ್ತೆ. 10 ಮೀಟರಿನದೇ ಕೇಳಿ. ಸೈಲೆನ್ಸರ್ ಯಾವ ಕಡೆ ಹೋಗಿದೆ ನೋಡಿ ಅದರ ಎದುರು ಕಡೆಯಿಂದ, ಕಂಪನಿ ವೈರಿಂಗ್ ಜೊತೆಜೊತೆಗೇ, ಸುಕ್ಕು ಪೈಪಿನೊಳಗೆ ಎಳೀರಿ. ಗಾಡಿ ಕೆಳಗೆ ತಿರುಗೋ ಪ್ರೊಪೆಲ್ಲರ್ ಶಾಫ್ಟ್ ಹತ್ತಿರ ಜೋತು ಬೀಳಬಾರದು. ಕ್ಯಾಬಿನ್ನೇ ಬೇರೆ, ಬಾಡಿಯೇ ಬೇರೆ, ಹಳ್ಳದಲ್ಲಿ ಇಳಿದಾಗ ಎರಡೂ ಬೇರೆ ಬೇರೆ ಅಲ್ಲಾಡ್ತವೆ. ಆ ಸಂದಿಯಲ್ಲಿ ಒಂದು ಗೇಣು ವೈರು ಸಡಿಲ ಬಿಡಿ. ಕ್ಯಾಬಿನ್ ತಗಡಿಗೆ ಹೊಸ ತೂತು ಕೊರೆಯೋ ಬದಲು ಇರೋ ರಬ್ಬರ್ ಬಿರಡೆ ಮೂಲಕವೇ ಒಳಗೆ ತನ್ನಿ.

ಕರೆಂಟು ರಿವರ್ಸ್ ಲೈಟಿನಿಂದ. ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಹಾಕಿ, ಇಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ ರಿವರ್ಸ್ ಗೇರ್ ಹಾಕಿ. ಟೆಸ್ಟ್ ಲ್ಯಾಂಪ್ ಯಾವ ವೈರಲ್ಲಿ ಉರಿಯುತ್ತೋ ಅದೇ. 21 ವ್ಯಾಟ್ ಬಲ್ಬು 12 ವೋಲ್ಟಿನಲ್ಲಿ ಎಳೆಯೋದು ಸುಮಾರು 1.75 ಆಂಪ್, ಕ್ಯಾಮೆರಾ ಅದರ ಮುಂದೆ ಲೆಕ್ಕಕ್ಕಿಲ್ಲ, ಜಾಸ್ತಿ ಕರೆಂಟಿಗೆ ಹಾಕೋ ರಿಲೇ ಸ್ವಿಚ್ಚು ಬೇಡ. 1 ಆಂಪ್ ಫ್ಯೂಸ್ ಒಂದು ಇರಲಿ. ಪರದೆಗೆ ಮಾತ್ರ ಕೀ ಆನ್ ಆದಾಗ ಬರೋ ಕರೆಂಟನ್ನು ಬೇರೆ ಫ್ಯೂಸ್ ಮೂಲಕ ಕೊಡಿ. ಎರಡನ್ನೂ ರಿವರ್ಸ್ ಲೈಟಿಗೇ ಕಟ್ಟಿದರೆ ಗೇರ್ ಹಾಕಿದ ಪ್ರತಿ ಸಲ ಪರದೆ ಎದ್ದೇಳೋಕೆ ಕಾಯಬೇಕು. ಜಾಯಿಂಟಿಗೆ ಬೆಸುಗೆ ಹಾಕಿ ಮೇಲೆ ಬಿಸಿ ಮಾಡಿದರೆ ಬಿಗಿಯಾಗೋ ಹೀಟ್ ಶ್ರಿಂಕ್ ಟ್ಯೂಬ್ ಹಾಕಿ. ಬರೀ ಟೇಪ್ ಸುತ್ತಿದ್ದು ನಾಲ್ಕು ವಾಟರ್ ಸರ್ವಿಸಿಗೆ ಹಸಿರು ಬಣ್ಣಕ್ಕೆ ತಿರುಗುತ್ತೆ, ನನ್ನದು ಮೂರಕ್ಕೇ ತಿರುಗಿತು.

ನನ್ನನ್ನು ಹದಿನೈದು ದಿನ ಸತಾಯಿಸಿದ್ದು ಅರ್ತು, ಅಂದ್ರೆ ಕರೆಂಟು ಗಾಡಿಯ ಕಬ್ಬಿಣದ ಮೂಲಕ ಬ್ಯಾಟರಿಗೆ ವಾಪಸ್ ಹೋಗೋ ದಾರಿ. ರಿವರ್ಸ್ ಹಾಕಿದರೆ ಚಿತ್ರ ಸೊಗಸಾಗಿ ಬರುತ್ತೆ, ಬ್ರೇಕ್ ತುಳಿದರೆ ಮಂಕಾಗಿ ಗೆರೆ ಗೆರೆ. ಹಿಂದಕ್ಕೆ ಹೋಗುವಾಗ ಬ್ರೇಕ್ ಮೇಲೆ ಕಾಲಿಡದೆ ಹೋಗೋಕಾಗುತ್ತಾ? ಕ್ಯಾಮೆರಾ ಕೆಟ್ಟಿದೆ ಅಂತ ಬದಲಾಯಿಸಿಕೊಂಡು ಬಂದೆ, ಅದೂ ಹಾಗೇ. ಆಮೇಲೆ ಟೈಲ್ ಲ್ಯಾಂಪ್ ಬಿಚ್ಚಿ ನೋಡಿದರೆ ಅರ್ತ್ ವೈರಿನ ಬೋಲ್ಟು ತುಕ್ಕು ಹಿಡಿದು ಪುಡಿಪುಡಿ. ಕ್ಯಾಮೆರಾದ ಕಪ್ಪು ವೈರನ್ನು ನಾನು ಅದಕ್ಕೇ ಸೇರಿಸಿದ್ದೆ. ಬ್ರೇಕ್ ಒತ್ತಿದಾಗ ಬ್ರೇಕ್ ಬಲ್ಬಿನ ಕರೆಂಟೆಲ್ಲ ಅದೇ ಕೆಟ್ಟ ದಾರಿಯಲ್ಲಿ ವಾಪಸ್ ಹೋಗಬೇಕು, ಕ್ಯಾಮೆರಾಗೆ ಸಿಗೋ ವೋಲ್ಟೇಜ್ ಕುಸಿಯುತ್ತೆ. ಚಾಸಿಯ ಒಂದು ಬೋಲ್ಟ್ ಬಿಚ್ಚಿ, ಬಣ್ಣ ಕೆರೆದು ಕಬ್ಬಿಣ ಹೊಳೆಯೋವರೆಗೆ ಉಜ್ಜಿ, ರಿಂಗ್ ಟರ್ಮಿನಲ್ ಹಾಕಿ ಬಿಗಿದು, ಮೇಲೆ ಗ್ರೀಸ್ ಬಳಿದೆ. ಅವತ್ತಿಂದ ಒಂದು ದಿನ ಕೈ ಕೊಟ್ಟಿಲ್ಲ. ಟೈಲ್ ಲ್ಯಾಂಪಿನ ಹಳೇ ಅರ್ತನ್ನೂ ಅದೇ ಕೈಯಲ್ಲಿ ಸರಿ ಮಾಡಿದೆ, ಬ್ರೇಕ್ ಲೈಟು ಮೊದಲಿಗಿಂತ ಜೋರಾಗಿ ಉರೀತಿದೆ.

ಎಲ್ಲ ಆದ ಮೇಲೆ ಗಾಡಿಯ ಎಡ ಮೂಲೆಯಲ್ಲಿ ಯಾರನ್ನಾದರೂ ನಿಲ್ಲಿಸಿ. ಪರದೆಯಲ್ಲೂ ಎಡಕ್ಕೇ ಕಾಣಬೇಕು. ಬಲಕ್ಕೆ ಕಂಡರೆ ಚಿತ್ರ ತಿರುಗಿಸಬೇಕು; ಕೆಲವು ಕ್ಯಾಮೆರಾಗಳಲ್ಲಿ ಅದಕ್ಕೆ ಒಂದು ಸಣ್ಣ ವೈರ್ ಬಳೆ ಕತ್ತರಿಸಬೇಕು, ಬಣ್ಣ ಒಂದೊಂದರಲ್ಲಿ ಒಂದೊಂದು, ಜೊತೆಗೆ ಬರೋ ಚೀಟಿ ನೋಡದೆ ಕತ್ತರಿ ಹಾಕಬೇಡಿ. ಪರದೆ ಮೇಲಿನ ಹಸಿರು-ಹಳದಿ-ಕೆಂಪು ಗೆರೆಗಳನ್ನು ಸುಮ್ಮನೆ ನಂಬಬೇಡಿ. ಅವು ನಿಮ್ಮ ಗಾಡಿಯ ಎತ್ತರ ನೋಡಿ ಎಳೆದಿದ್ದಲ್ಲ, ಅಗಲದ ಲೆನ್ಸಲ್ಲಿ ಹತ್ತಿರದ್ದೂ ದೂರ ಕಾಣುತ್ತೆ. ನಾನು ಟೇಪ್ ಹಿಡಿದು ಒಂದು, ಎರಡು, ಮೂರು ಮೀಟರಿಗೆ ಖಾಲಿ ಕ್ರೇಟ್ ಇಟ್ಟು, ಪರದೆಯಲ್ಲಿ ಎಲ್ಲಿ ಬರುತ್ತೋ ಅಲ್ಲಿ ಅಂಚಿಗೆ ವೈಟ್ನರ್ ಚುಕ್ಕಿ ಇಟ್ಟೆ.

ನಿಮ್ಮ ತಂದೆಗೆ ಡ್ಯಾಶ್‌ಬೋರ್ಡ್ ಪರದೆಗಿಂತ ಕನ್ನಡಿ ಮೇಲೆ ಸಿಕ್ಕಿಸೋ ಪರದೆ ವಾಸಿ. ಅವರ ಕಣ್ಣು ಇಷ್ಟು ವರ್ಷ ಹೋಗಿದ್ದೇ ಅಲ್ಲಿಗೆ, ಆ ಕನ್ನಡಿಗೂ ಹೇಗೂ ಲೋಡ್ ಇದ್ದಾಗ ಬೇರೆ ಕೆಲಸ ಇಲ್ಲ. ಗಾಡಿ ಇನ್ನೂ ವಾರಂಟಿಯಲ್ಲಿದ್ದರೆ ಮಾತ್ರ ಕಂಪನಿ ವೈರಿಗೆ ಕೈ ಹಾಕೋ ಮೊದಲು ಶೋರೂಮಲ್ಲಿ ಕೇಳಿಕೊಳ್ಳಿ.

ಅಂಗಡಿಯವರು ಬೆಸುಗೆ ಹಾಕಿ, ಬೇರೆ ಅರ್ತ್ ಕೊಟ್ಟು, ಪೈಪಿನೊಳಗೆ ವೈರ್ ಎಳೆದು ಕೊಡ್ತೀವಿ ಅಂದರೆ ಏಳು ಸಾವಿರ ಜಾಸ್ತಿ ಅಂತ ನಾನು ಹೇಳಲ್ಲ. ನನಗೆ ಪೈಪು, ಟರ್ಮಿನಲ್ಲು, ಫ್ಯೂಸು ಸೇರಿ ಮೂರೂವರೆ ಸಾವಿರದೊಳಗೆ ಮುಗೀತು, ವೈರ್‌ಲೆಸ್ ಸೆಟ್ಟಿನ ದುಡ್ಡು ಬಿಟ್ಟು. ಅದು ಈಗಲೂ ಅಟ್ಟದ ಮೇಲಿದೆ. ಕೋಲಾರದ ಕಡೆ ಬಂದರೆ ಹೇಳಿ, ಬೇಕಾದರೆ ಸುಮ್ಮನೆ ತಗೊಂಡು ಹೋಗಿ, ಪಿಕಪ್‌ಗೆ ಮಾತ್ರ ಹಾಕಬೇಡಿ.