ಮೊದಲು ಅಟೆಂಡರನ್ನು ಕೇಳಿ

ಈ ಸಲದ ಟಪಾಲಿನಲ್ಲಿ ಐದು ಪತ್ರಗಳು ಒಂದೇ ಬಾಗಿಲ ಮುಂದೆ ನಿಂತಿವೆ: ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗ. ಒಬ್ಬರು ಈಗಷ್ಟೇ ಒಳಗೆ ಕಾಲಿಟ್ಟಿದ್ದಾರೆ, ಒಬ್ಬರನ್ನು ಹೊರಗೆ ಕಳಿಸುತ್ತಿದ್ದಾರೆ, ಇನ್ನೊಬ್ಬರ ಮನೆಯವರಿಗೆ ಒಳಗೇನು ನಡೆಯುತ್ತದೋ ಎಂಬ ಗಾಬರಿ. ಅಂಥದೇ ಒಂದು ವಿಭಾಗದಲ್ಲಿ ಮೂವತ್ತೊಂದು ವರ್ಷ ಸೀಮೆಸುಣ್ಣ ತೇಯ್ದವಳು ನಾನು. ಗಂಡಹೆಂಡಿರ ಜಗಳ, ನಿದ್ದೆ ಬಾರದವರ ಪತ್ರಗಳನ್ನು ಮುಂದಿನ ತಿಂಗಳಿಗೆ ಇಟ್ಟು ಇವನ್ನೇ ಹಿಡಿದು ಕೂತಿದ್ದೇನೆ. ಪತ್ರ ಮೊದಲು, ನನ್ನ ಉತ್ತರ ಆಮೇಲೆ.

ಸಹಾಯಕ ಪ್ರಾಧ್ಯಾಪಕನಾಗಿ ಸೇರಿ ಹದಿನೆಂಟು ದಿನವಾಯಿತು. ಮೊದಲ ದಿನವೇ ಪ್ರಯೋಗಾಲಯದ ಉಸ್ತುವಾರಿ ನನ್ನ ತಲೆಗೆ ಬಂತು. ದಾಸ್ತಾನು ವಹಿಯಲ್ಲಿ 64 ಉಪಕರಣ ಇದೆ, ಕಪಾಟಿನಲ್ಲಿ ಎಣಿಸಿದರೆ 41. "ಸೈನ್ ಹಾಕಿ ಸಾರ್, ಆಮೇಲೆ ನೋಡೋಣ" ಅನ್ನುತ್ತಾರೆ. ಹಾಕಲೇ? ಇನ್ನೊಂದು ಕಷ್ಟ: ನಾನು ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಕನ್ನಡ ಮಾಧ್ಯಮದವರು. ಪಾಠ ಮಾಡುವಾಗ ಅವರ ಮುಖ ನೋಡಲು ಭಯ. (ಹೆಸರು ಬೇಡ, ಕಲಬುರಗಿ ಕಡೆಯವರು)

ಹಾಕಬೇಡಿ. 64ಕ್ಕೆ ಸೈನ್ ಹಾಕಿದ ಗಳಿಗೆಯಿಂದ ಆ 23 ಸಾಮಾನು ಕಳೆದವರು ನೀವೇ ಆಗುತ್ತೀರಿ. ನಿಮಗಿಂತ ಹಿಂದಿನವರು, ಅವರಿಗಿಂತ ಹಿಂದಿನವರು ಎಲ್ಲರೂ ಹೀಗೆ ಕಣ್ಣುಮುಚ್ಚಿ ಹಾಕಿದ್ದರಿಂದಲೇ ಲೆಕ್ಕ ಇಲ್ಲಿಗೆ ಬಂದು ನಿಂತಿದೆ. ಜಗಳವೂ ಬೇಡ. ಮುಖ್ಯಸ್ಥರಿಗೆ ಅರ್ಧ ಪುಟ ಬರೆಯಿರಿ: ವಹಿಯ ಪ್ರಕಾರ ಇಷ್ಟು, ಕಪಾಟಿನಲ್ಲಿ ಇಷ್ಟು, ಸಿಗದವುಗಳ ಪಟ್ಟಿ ಲಗತ್ತಿಸಿದೆ. ಅದನ್ನು ಕಚೇರಿಯಲ್ಲಿ ಪತ್ರ ದಾಖಲಿಸುವ ಆವಕಕ್ಕೆ ಕೊಟ್ಟು, ಮೊಹರು ಬಿದ್ದ ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಳ್ಳಿ. ಕೈಗೆ ಸಿಕ್ಕ 41ಕ್ಕೆ ಮಾತ್ರ ಸಹಿ.

ಆದರೆ ಆ ಪತ್ರ ಬರೆಯುವ ಮೊದಲು ಒಂದು ಮಧ್ಯಾಹ್ನ ನಿಮ್ಮ ವಿಭಾಗದ ಅಟೆಂಡರ್ ಜೊತೆ ಟೀ ಕುಡಿಯಿರಿ. ಆ 23ರಲ್ಲಿ ಹತ್ತಾದರೂ ಎಲ್ಲಿವೆ ಅಂತ ಅವರಿಗೆ ಗೊತ್ತಿರುತ್ತದೆ. ಪಕ್ಕದ ವಿಭಾಗದ ಅಟ್ಟದ ಮೇಲಿರಬಹುದು, ವಸ್ತುಪ್ರದರ್ಶನಕ್ಕೆಂದು ಹೋದದ್ದು ವಾಪಸ್ ಬರದೇ ಇರಬಹುದು, ಕೆಟ್ಟುಹೋಗಿ ಗೋಣಿಚೀಲದಲ್ಲಿ ಬಿದ್ದಿರಬಹುದು.

ನಾನು ಸೇರಿದ್ದು 1987ರಲ್ಲಿ. ನಮ್ಮಲ್ಲಿ ಕನ್ನಡಿ ಚಿತ್ರದ ಉಪಕರಣ ಒಂದಿತ್ತು. ನಿಮಗೆ ಗೊತ್ತಿರುವುದೇ, ಓದುಗರಿಗಾಗಿ ಹೇಳುತ್ತೇನೆ: ಲೋಹದ ತಟ್ಟೆಯ ಮೇಲೆ ನಕ್ಷತ್ರದ ದಾರಿ, ಕೈಗೆ ಒಂದು ಕಡ್ಡಿ. ನಕ್ಷತ್ರಕ್ಕೆ ಅಡ್ಡವಾಗಿ ಹಲಗೆ ಇರುವುದರಿಂದ ಎದುರಿನ ಕನ್ನಡಿಯಲ್ಲಿ ನೋಡಿಕೊಂಡೇ ಕಡ್ಡಿ ಓಡಿಸಬೇಕು. ಮೇಲಕ್ಕೆ ಹೋಗಬೇಕೆಂದರೆ ಕೈ ಕೆಳಕ್ಕೆ ಎಳೆಯುತ್ತದೆ. ಗೆರೆ ಮುಟ್ಟಿದಾಗೆಲ್ಲ ಪಕ್ಕದ ಡಬ್ಬಿ 'ಟಿಕ್' ಎಂದು ತಪ್ಪು ಎಣಿಸುತ್ತದೆ. ಬಲಗೈಯಲ್ಲಿ ಅಭ್ಯಾಸ ಮಾಡಿಸಿ, ಎಡಗೈಯೂ ಎಷ್ಟು ಕಲಿತಿದೆ ನೋಡುವ ಪ್ರಯೋಗ. ನಾನು ಹುರುಪಿನಿಂದ ಒಂದು ಇಡೀ ಬ್ಯಾಚಿಗೆ ಮಾಡಿಸಿದೆ, ಗ್ರಾಫ್ ಹಾಕಿಸಿದೆ, ರೆಕಾರ್ಡಿಗೆ ಸಹಿಯನ್ನೂ ಹಾಕಿದೆ. ಸಾಯಂಕಾಲ ಕಿಟಕಿ ಮುಚ್ಚುತ್ತಾ ನಮ್ಮ ಅಟೆಂಡರ್ ಹೇಳಿದರು, "ಅಮ್ಮಾವ್ರೆ, ಆ ಡಬ್ಬಿ ಎರಡು ಸಲ ಮುಟ್ಟಿದ್ರೆ ಒಂದ್ಸಲ ಟಿಕ್ ಅಂತದೆ. ತಂತಿ ಹತ್ರ ಒಂದು ಬೆಂಕಿಕಡ್ಡಿ ಸಿಗಿಸ್ಬೇಕು."

"ಬೆಳಿಗ್ಗೆನೇ ಹೇಳಬಾರದಿತ್ತಾ?" ಅಂದೆ.

"ನೀವು ಕೇಳ್ಲಿಲ್ವಲ್ಲ."

ಎಂ.ಎಸ್ಸಿ.ಯಲ್ಲಿ ನನಗೆ ಚಿನ್ನದ ಪದಕ ಬಂದಿತ್ತು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಇನ್ನು ಭಾಷೆ. ಪಾರಿಭಾಷಿಕ ಪದಕೋಶ ಹಿಡಿದು ಹೋಗಬೇಡಿ; 'ಪ್ರತ್ಯಾವಾಹನ' ಎಂದರೆ ಕನ್ನಡ ಮಾಧ್ಯಮದ ಹುಡುಗನೂ ನಿಮ್ಮಷ್ಟೇ ಕಣ್ಣುಕಣ್ಣು ಬಿಡುತ್ತಾನೆ. ಪದ ಇಂಗ್ಲಿಷಿನದೇ ಇರಲಿ, ವಿವರಣೆ ಮನೆಮಾತಿನಲ್ಲಿರಲಿ. ನಾನು ಇದನ್ನು ಕಲಿತದ್ದು ಸ್ಮೃತಿ ಡ್ರಮ್ಮಿನ ಎದುರು. ನೆನಪಿನ ಮೇಲೆ ಪ್ರಯೋಗ ಮಾಡಿದ ಜರ್ಮನಿಯ ಎಬ್ಬಿಂಗ್‌ಹೌಸ್ ಬಳಸಿದನಲ್ಲ, ಅಂಥ ಅರ್ಥವಿಲ್ಲದ ಪದಗಳನ್ನು ಒಂದೊಂದಾಗಿ ಕಿಂಡಿಯಲ್ಲಿ ತೋರಿಸಿ ಬಾಯಿಪಾಠ ಮಾಡಿಸುವುದು. ನಮ್ಮಲ್ಲಿದ್ದ ಪಟ್ಟಿ ರೋಮನ್ ಅಕ್ಷರದ್ದು. ಹಳ್ಳಿ ಮಕ್ಕಳು ಅದನ್ನು ಕೂಡಿಸಿ ಓದುವಷ್ಟರಲ್ಲಿ ಡ್ರಮ್ ಮುಂದಕ್ಕೆ ತಿರುಗಿರುತ್ತಿತ್ತು. ನಾವು ಅಳೆಯುತ್ತಿದ್ದದ್ದು ನೆನಪನ್ನಲ್ಲ, ಅವರ ಇಂಗ್ಲಿಷನ್ನು. ಒಂದು ಭಾನುವಾರ ಕೂತು ನಾನೇ ಕನ್ನಡದಲ್ಲಿ ಇಪ್ಪತ್ತು ಅರ್ಥಗೇಡಿ ಪದ ಹೊಸೆದೆ. ಬಹಳ ಹೆಮ್ಮೆಯಾಗಿತ್ತು. ಬಾಗಲಕೋಟೆ ಕಡೆಯ ಹುಡುಗಿಯೊಬ್ಬಳು ಏಳನೇ ಪದಕ್ಕೆ ನಕ್ಕುಬಿಟ್ಟಳು: "ಮೇಡಂರಿ, 'ಹೊಳ್ಳಿ' ಅಂದ್ರ ಅರ್ಥ ಐತ್ರಿ. ಹೊಳ್ಳಿ ಬಾ ಅಂತೀವಿ." ತಿರುಗಿ ಬಾ ಎಂದಂತೆ. ಮೈಸೂರಿನವಳಿಗೆ ಅದೆಲ್ಲಿ ಗೊತ್ತು! ಮರುದಿನದಿಂದ ಪಟ್ಟಿಯನ್ನು ಬೇರೆ ಬೇರೆ ಜಿಲ್ಲೆಯ ನಾಲ್ಕು ಮಕ್ಕಳಿಗೆ ಮೊದಲು ಓದಿಸಿ, ಯಾರಿಗೂ ಅರ್ಥವಾಗದ್ದನ್ನೇ ಉಳಿಸಿಕೊಂಡೆವು. ನೀವು ಹೀಗೆ ಒಂದು ಪಟ್ಟಿ ಮಾಡಿಸಿ ನೋಡಿ, ಭಯ ಹೋಗುತ್ತದೆ. ಆ ದಿನ ತರಗತಿಯಲ್ಲಿ ಗೊತ್ತಿರುವವರು ಅವರು, ಗೊತ್ತಿಲ್ಲದವರು ನೀವು.

ಪರೀಕ್ಷೆಗಳನ್ನು ಹೀಗೆ ಕನ್ನಡಕ್ಕೆ ತರುವುದು ಹೊಸದೇನಲ್ಲ. ಧಾರವಾಡದಲ್ಲಿ ವಿ.ವಿ. ಕಾಮತರು ಫ್ರಾನ್ಸಿನ ಬಿನೆಯ ಬುದ್ಧಿಪರೀಕ್ಷೆಯನ್ನು ಕನ್ನಡಕ್ಕೂ ಮರಾಠಿಗೂ ಒಗ್ಗಿಸಿದ್ದು 1930ರ ದಶಕದಲ್ಲಿ. ಬಿನೆ–ಕಾಮತ್ ಪೆಟ್ಟಿಗೆ ನಿಮ್ಮ 41ರಲ್ಲಿದೆಯೇ ನೋಡಿ. ಇಲ್ಲದಿದ್ದರೆ ಕಾಣೆಯಾದವುಗಳಲ್ಲಿ ಮೊದಲು ಅದನ್ನೇ ಹುಡುಕಿಸಿ.

ಮಗಳಿಗೆ ಮನಶ್ಶಾಸ್ತ್ರ ವಿಭಾಗದಲ್ಲಿ ಅಧ್ಯಾಪಕಿ ಕೆಲಸ ಸಿಕ್ಕಿದೆ. ಗಂಡಿನ ಕಡೆಯವರು "ಹುಚ್ಚರ ಜೊತೆಯ ಕೆಲಸವಂತೆ, ಆಮೇಲೆ ಇವಳಿಗೂ ಹತ್ತಿಕೊಂಡರೆ?" ಎಂದು ಮಧ್ಯವರ್ತಿಯ ಹತ್ತಿರ ಹೇಳಿ ಕಳಿಸಿದ್ದಾರೆ. ಏನು ಉತ್ತರ ಕೊಡಲಿ? (ಒಬ್ಬ ತಂದೆ, ಹಾಸನ)

ಅಲ್ಲಿರುವವರು ಹುಚ್ಚರಲ್ಲ, ಇಪ್ಪತ್ತೆರಡು ವರ್ಷದ ಮಕ್ಕಳು. ಇಂಟರ್ನಲ್ಸ್ ಅಂಕಕ್ಕೆ ಪೀಡಿಸುತ್ತಾರೆ, ಅಷ್ಟೆ. ಮಾನಸಿಕ ಕಾಯಿಲೆ ನೆಗಡಿಯ ಹಾಗೆ ಒಬ್ಬರಿಂದ ಒಬ್ಬರಿಗೆ ಹತ್ತುವುದೂ ಇಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1924ರಲ್ಲಿ ಈ ವಿಭಾಗ ಕಟ್ಟಿದವರು ಲಂಡನ್ನಿನಲ್ಲಿ ಬುದ್ಧಿಶಕ್ತಿ ಅಳೆಯುವುದರಲ್ಲಿ ಹೆಸರಾದ ಸ್ಪಿಯರ್‌ಮನ್ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ. ದೇಶದಲ್ಲಿ ಅದಕ್ಕೂ ಹಿಂದಿನದೆಂದರೆ ಕಲ್ಕತ್ತಾದ್ದು, 1916. ಗೋಪಾಲಸ್ವಾಮಿಯವರಿಗೆ 'ಹತ್ತಿಕೊಂಡದ್ದು' ರೇಡಿಯೋ ಹುಚ್ಚು. 1935ರಲ್ಲಿ ತಮ್ಮ ಮನೆಯಲ್ಲೇ ಒಂದು ನಿಲಯ ತೆರೆದರು. ಗಂಡಿನ ಮನೆಯವರು ಬೆಳಿಗ್ಗೆದ್ದು 'ಆಕಾಶವಾಣಿ' ಎನ್ನುತ್ತಾರಲ್ಲ, ಆ ಹೆಸರು ಆ ಮನೆಯದು.

ಇಷ್ಟು ಹೇಳಿದ ಮೇಲೂ ಅನುಮಾನ ಉಳಿದರೆ, ಮಗಳನ್ನೊಮ್ಮೆ ಕೇಳಿ. ಅವಳಿಗೇ ಆ ಮನೆ ಬೇಡವೆನಿಸಿರಬಹುದು.

ಮೇಡಂರಿಗೆ ನಮಸ್ಕಾರ್ರಿ. ಮೂರು ತಿಂಗಳಾತು ಎಸ್‌ಡಿಎ ಆಗಿ ಮನಶ್ಶಾಸ್ತ್ರ ವಿಭಾಗಕ್ಕ ಬಂದೀನಿ. ಮೊದಲ ಲೆಕ್ಕಪತ್ರ ಶಾಖೆದಾಗ ಇದ್ದೆ. ಊರಾಗ ಎಲ್ಲಾರೂ "ನಮ್ಮ ಮನಸ್ನ್ಯಾಗ ಏನೈತಿ ಹೇಳು ನೋಡೂಣು" ಅಂತ ಕಾಡತಾರ, ಅದು ಇರ್ಲಿ. ಹೋದ ವಾರ ಒಬ್ಬಾಕಿ ಹುಡುಗಿ ಫೀ ಚಲನ್ ಕೊಡಾಕ ಬಂದಾಕಿ, ಟೇಬಲ್ ಮುಂದ ನಿಂತು ಅಳಾಕ ಹತ್ತಿದ್ಲು. ಸರ್‌ಗೋಳೆಲ್ಲಾ ಮೀಟಿಂಗ್‌ದಾಗ ಇದ್ರು. ನನಗ ಕೈಕಾಲು ಆಡಲಿಲ್ಲ. ನಾ ಏನು ಮಾಡಬೇಕಿತ್ತರಿ? (ವಿಜಯಪುರ)

ಆಮೇಲೆ ಏನು ಮಾಡಿದಿರಿ ಅಂತ ಬರೆದಿಲ್ಲ. ಓಡಿಹೋಗಲಿಲ್ಲ ಎಂದುಕೊಂಡಿದ್ದೇನೆ.

ಎಂಥ ಪ್ರೊಫೆಸರ್ ಇದ್ದರೂ ಮಕ್ಕಳು ಅಳುವುದು ಆಫೀಸಿನ ಟೇಬಲ್ ಮುಂದೆಯೇ. ಚಲನ್ ಕೊಡಲು ಬಂದಾಗ ಫೀಸಿನ ಮಾತು ಬರುತ್ತದೆ, ಫೀಸಿನ ಹಿಂದೆ ಅಪ್ಪನ ಮಾತು, ಅಪ್ಪನ ಹಿಂದೆ ಇನ್ನೇನೋ. ಕುರ್ಚಿ ಕೊಡಿ, ನೀರು ಕೊಡಿ. ಬಾಗಿಲು ತೆರೆದೇ ಇರಲಿ. ಸಾಲಿನಲ್ಲಿ ನಿಂತ ಉಳಿದವರಿಗೆ ಹತ್ತು ನಿಮಿಷ ಬಿಟ್ಟು ಬರಲು ಹೇಳಿ. "ಏನಾತವ್ವಾ?" ಎಂದು ಒಂದೇ ಸಲ ಕೇಳಿ ಸುಮ್ಮನಿರಿ. ಬುದ್ಧಿ ಹೇಳುವುದು ಬೇಡ. ಆಮೇಲೆ ಅವಳ ಒಪ್ಪಿಗೆ ಕೇಳಿ, ಅವಳಿಗೆ ಹಿಡಿಸುವ ಒಬ್ಬ ಮೇಡಂ ಹತ್ತಿರ ಕರೆದುಕೊಂಡು ಹೋಗಿ. ಜೀವ ಬೇಡ ಎನ್ನುವಂಥ ಮಾತು ಬಂದರೆ ಒಪ್ಪಿಗೆಗೆ ಕಾಯಬೇಡಿ, ಒಬ್ಬಳನ್ನೇ ಬಿಡಬೇಡಿ. ಮೀಟಿಂಗ್ ನಡೆಯುತ್ತಿದ್ದರೂ ಬಾಗಿಲು ತಟ್ಟಿ ಎಬ್ಬಿಸಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರ. ಆ ನಂಬರನ್ನು ಟೇಬಲ್ಲಿನ ಗಾಜಿನ ಕೆಳಗೆ, ಅವರಿಗೆ ಕಾಣುವಂತೆ ತಿರುಗಿಸಿ ಇಡಿ.

ಅವಳು ಹೇಳಿದ್ದನ್ನು ಕ್ಯಾಂಟೀನಿಗೆ ಒಯ್ಯಬೇಡಿ. ಕಾಗದಕ್ಕೂ ಇದೇ ಮಾತು, ಮತ್ತು ಇದು ನಿಮ್ಮ ಕೆಲಸದ ತಿರುಳು. ಲೆಕ್ಕಪತ್ರ ಶಾಖೆಯಲ್ಲಿ ವೋಚರ್ ಹೇಗೋ, ಇಲ್ಲಿ ಮಕ್ಕಳು ತುಂಬಿದ ಪ್ರಶ್ನಾವಳಿ ಹಾಗೆ. ನನ್ನ ಎರಡನೇ ವರ್ಷದಲ್ಲಿ ಕಪಾಟು ಖಾಲಿ ಮಾಡಿಸುವ ಕೆಲಸ ಬಂತು. ಹಳೆಯ ರೆಕಾರ್ಡು, ಪ್ರಶ್ನಾವಳಿಯ ಹಾಳೆ ಎಲ್ಲ ಕಟ್ಟಿಸಿ, ತೂಕಕ್ಕೆ ರದ್ದಿಗೆ ಕೊಡಿಸಿದೆ. ಬಂದ ದುಡ್ಡಿಗೆ ಗೋಡೆ ಗಡಿಯಾರ ತಂದೆವು. ಎರಡು ವಾರದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಕೊಂಡೆ. ತಿಂದು ಮುಗಿಸಿ ಪೊಟ್ಟಣ ಬಿಚ್ಚಿದರೆ ನಮ್ಮದೇ ಹಾಳೆ. ಆತಂಕ ಅಳೆಯುವ ಪ್ರಶ್ನಾವಳಿ. 'ರಾತ್ರಿ ಕಾರಣವಿಲ್ಲದೆ ಹೆದರಿ ಏಳುತ್ತೇನೆ' ಎಂಬುದರ ಮುಂದೆ 'ಹೌದು' ಎಂದು ಸರಿ ಗುರುತು. ಮೇಲ್ಗಡೆ ದುಂಡಗೆ ಬರೆದ ಹೆಸರು, ಹಾಜರಿ ಸಂಖ್ಯೆ. ಆ ಹುಡುಗಿ ಅದೇ ಊರಿನವಳು. ಗಾಡಿಯವನ ಹತ್ತಿರ ಉಳಿದಿದ್ದ ಹಾಳೆಗಳನ್ನೆಲ್ಲ ಕೊಂಡುಕೊಂಡು ಬಂದೆ, ಒಂದು ಕಟ್ಟು ಹಳೇ ಪತ್ರಿಕೆ ಬದಲಿಗೆ ಕೊಟ್ಟು. ಎಷ್ಟು ಪೊಟ್ಟಣ ಆಗಲೇ ಊರಿಗೆ ಹೋಗಿದ್ದವೋ ದೇವರಿಗೇ ಗೊತ್ತು. ಆ ಗಡಿಯಾರ ನಾನು ನಿವೃತ್ತಳಾಗುವವರೆಗೂ ನಡೆಯಿತು.

ಹಾಗಾಗಿ ತುಂಬಿದ ಹಾಳೆ ಟೇಬಲ್ ಮೇಲೆ ಬಿದ್ದಿರಬಾರದು, ಹೆಸರಿನ ಬದಲು ಸಂಖ್ಯೆ ಬರೆಸಿ, ಅವಧಿ ಮುಗಿದದ್ದನ್ನು ಹರಿದು ಹಾಕಲು ಮುಖ್ಯಸ್ಥರಿಂದ ಲಿಖಿತ ಆದೇಶ ಪಡೆಯಿರಿ. ರದ್ದಿಯವನನ್ನು ಮಾತ್ರ ಕರೆಯಬೇಡಿ.

ಮನಸ್ಸಿನಲ್ಲೇನಿದೆ ಹೇಳು ಎನ್ನುವ ಊರಿನವರಿಗೆ, "ನಿನ್ನ ಮನಸ್ನ್ಯಾಗ ಚಹಾ ಐತಿ" ಅನ್ನಿ. ಹತ್ತರಲ್ಲಿ ಎಂಟು ಸಲ ಸರಿಹೋಗುತ್ತದೆ.

ನಮ್ಮ ವಿಭಾಗಕ್ಕೆ ಹೊಸದಾಗಿ ಬಂದ ಸರ್ ಪಿಎಚ್‌.ಡಿ ಮಾಡಿದ್ದಾರೆ. ಸಂಜೆ ಊರಿನಲ್ಲಿ ಕ್ಲಿನಿಕ್ ತೆರೆದು 'ಕ್ಲಿನಿಕಲ್ ಸೈಕಾಲಜಿಸ್ಟ್' ಎಂದು ಬೋರ್ಡ್ ಹಾಕುತ್ತಾರಂತೆ. ಹಾಕಬಹುದೇ? (ವಿದ್ಯಾರ್ಥಿನಿ, ತುಮಕೂರು)

ಪಿಎಚ್‌.ಡಿ ಒಂದನ್ನೇ ನಂಬಿ ಹಾಕುವಂತಿಲ್ಲ. ಆ ಹೆಸರಿಗೆ ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ತರಬೇತಿ ಬೇಕು, ಪರಿಷತ್ತಿನ ನೋಂದಣಿ ಸಂಖ್ಯೆ ಬೇಕು. 1992ರ ಕಾಯ್ದೆ ಇದೆ. ಪಾಠ ಹೇಳುವುದಕ್ಕೆ ಅದು ಬೇಡ, ಬೋರ್ಡಿಗೆ ಬೇಕು. ಸಂಖ್ಯೆ ಇದ್ದರೂ ಸಂಜೆ ಕ್ಲಿನಿಕ್‌ಗೆ ವಿಶ್ವವಿದ್ಯಾಲಯದ ಅನುಮತಿ ಇದೆಯೇ ಎಂಬುದು ಇನ್ನೊಂದು ಪ್ರಶ್ನೆ. ನೀವು ಹೋಗಿ ಅವರನ್ನು ಕೇಳಬೇಡಿ, ನಿಮ್ಮ ಇಂಟರ್ನಲ್ಸ್ ಅವರ ಕೈಯಲ್ಲಿದೆ.

ಎಂಟು ವರ್ಷ ಅತಿಥಿ ಉಪನ್ಯಾಸಕಿ. ಈಗ ಕಾಯಂ ನೇಮಕಾತಿ ಆಗಿ ನನ್ನ ಜಾಗಕ್ಕೆ ಬಂದಿರುವುದು ನನ್ನದೇ ವಿದ್ಯಾರ್ಥಿನಿ. ನನಗೂ ಕೆ-ಸೆಟ್ ಅರ್ಹತಾ ಪರೀಕ್ಷೆ ಆಗಿದೆ, ಪಿಎಚ್‌.ಡಿ ಪ್ರಬಂಧ ಸಲ್ಲಿಸಿಲ್ಲ. ನಿನ್ನೆ ಅವಳು ಬಂದು, "ಮೇಡಂ, ನಿಮ್ಮ ನೋಟ್ಸ್ ಕೊಡ್ತೀರಾ?" ಎಂದಳು. ಬಾತ್‌ರೂಮಿಗೆ ಹೋಗಿ ಅತ್ತೆ. ಕೊಡಬೇಕೇ? (ಹೆಸರು, ಊರು ಬೇಡ)

ಎಲ್ಲಾ ಒಳ್ಳೆಯದಕ್ಕೇ ಅಂತ ನಾನು ಹೇಳುವುದಿಲ್ಲ. ಇದರಲ್ಲಿ ಒಳ್ಳೆಯದೇನೂ ನನಗೆ ಕಾಣುತ್ತಿಲ್ಲ. 'ಅತಿಥಿ' ಎಂದು ಹೆಸರಿಟ್ಟವರು ಯಾರೋ. ನಮ್ಮ ಮನೆಗಳಲ್ಲಿ ಅತಿಥಿಗೆ ಮೊದಲು ಬಡಿಸಿ ಆಮೇಲೆ ಮನೆಯವರು ಕೂರುತ್ತಾರೆ. ಎಷ್ಟೋ ವಿಭಾಗಗಳ ಪಾಠ ನಡೆದಿರುವುದು ನಿಮ್ಮಂಥವರ ಗಂಟಲಿನಿಂದ.

ನೋಟ್ಸ್ ನಿಮ್ಮದು. ನೀವು ರಾತ್ರಿ ಕೂತು ಬರೆದದ್ದು. ಕೊಡದಿದ್ದರೆ ತಪ್ಪಿಲ್ಲ, ಅದಕ್ಕೆ ಕಾರಣವನ್ನೂ ಹೇಳಬೇಕಾಗಿಲ್ಲ. ಆದರೆ ಇಂಟರ್ನಲ್ಸ್ ಅಂಕ, ಯಾವ ಘಟಕದವರೆಗೆ ಪಾಠ ಆಗಿದೆ, ಯಾರ ಪ್ರಾಜೆಕ್ಟ್ ಎಲ್ಲಿಗೆ ನಿಂತಿದೆ, ಇವು ಮಕ್ಕಳವು. ಇವನ್ನು ಬರೆದು ಕೊಡಿ. ಆ ಹುಡುಗಿ ಕೆಟ್ಟವಳೆಂದು ನನಗನ್ನಿಸುತ್ತಿಲ್ಲ. ವಾರಕ್ಕೆ 16 ಗಂಟೆ ಪಾಠ ಅವಳ ತಲೆ ಮೇಲೆ ಬಿದ್ದಿದೆ, ಹೆದರಿದ್ದಾಳೆ, ಹೆದರಿದಾಗ ತನ್ನ ಮೇಡಂ ಹತ್ತಿರ ಬಂದಿದ್ದಾಳೆ. ಏನು ಕೇಳುತ್ತಿದ್ದೇನೆಂಬ ಅರಿವಿಲ್ಲ, ಅಷ್ಟೆ. ಈ ಪತ್ರಿಕೆಯನ್ನು ಅವಳೂ ಓದುತ್ತಿದ್ದರೆ: ತಾಯಿ, ಮುಂದಿನ ಸಲ ನೋಟ್ಸ್ ಕೇಳುವ ಮೊದಲು "ನಿಮಗೆ ಮುಂದೇನು ಮೇಡಂ?" ಅಂತ ಕೇಳು.

ನಿಮ್ಮ ಕೆಲಸಕ್ಕೆ ಬರುತ್ತೇನೆ. 2023ರ ಜುಲೈನಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ದೇಶಮಟ್ಟದ ನೆಟ್ ಅಥವಾ ರಾಜ್ಯದ ಸೆಟ್ ಪರೀಕ್ಷೆ ಕನಿಷ್ಠ ಅರ್ಹತೆಯೆಂದೂ ಪಿಎಚ್‌.ಡಿ ಐಚ್ಛಿಕವೆಂದೂ ಮಾಡಿತು. ಹಾಗಾದರೆ ನೀವು ಅರ್ಜಿ ಹಾಕದೆ ಕೂತದ್ದು ಪ್ರಬಂಧಕ್ಕಾಗಿಯೇ? ಅದಕ್ಕೆ ಕಾಯಬೇಡಿ. ಪ್ರಬಂಧವನ್ನೂ ಬಿಡಬೇಡಿ.

ಬಿಡುಗಡೆ ಆದೇಶ ಕೈಗೆ ಬರುವ ಮೊದಲೇ ಅನುಭವ ಪ್ರಮಾಣಪತ್ರ ಮಾಡಿಸಿಕೊಳ್ಳಿ. 'ಎಂಟು ವರ್ಷ ಕೆಲಸ ಮಾಡಿರುತ್ತಾರೆ' ಎಂಬ ಒಂದು ಸಾಲಿನದು ಬೇಡ. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಯಾವ ಸೆಮಿಸ್ಟರ್, ಯಾವ ಪತ್ರಿಕೆ, ವಾರಕ್ಕೆ ಎಷ್ಟು ಗಂಟೆ, ಎಲ್ಲ ಇರಲಿ. ಪ್ರತಿ ವರ್ಷದ ನೇಮಕಾತಿ ಆದೇಶದ ಸಂಖ್ಯೆಯೂ ಇರಲಿ. ಮುಖ್ಯಸ್ಥರ ಸಹಿ ಸಾಲದು, ಕುಲಸಚಿವರ ಕಚೇರಿಯ ಮೊಹರು ಬೇಕು. ಹೊಸ ಎಸ್‌ಡಿಎ ಇದ್ದರೆ ಹಳೆಯ ಫೈಲ್ ಹುಡುಕಲು ಒದ್ದಾಡುತ್ತಾರೆ, ಅಟೆಂಡರನ್ನು ಕೇಳಿ. ಪತ್ರ ಕೈಗೆ ಬಂದಾಗ ಅಲ್ಲೇ ನಿಂತು, ನಿಮ್ಮ ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇದ್ದಂತೆಯೇ ಇದೆಯೇ ಎಂದು ಒಂದೊಂದೇ ಅಕ್ಷರ ಓದಿ ನೋಡಿಕೊಳ್ಳಿ. ಇನಿಷಿಯಲ್ ಹಿಂದೆಮುಂದೆ ಆಗಿರುತ್ತದೆ.