ಜಾನುವಾರು ರೋಗಗಳ ಆರ್ಥಿಕ ಸಂಶೋಧನೆಗೆ ವಾಲಂಟಿಯರ್ ಆಗಿ ಆಫ್ರಿಕಾಕ್ಕೆ ಹೋಗಬಹುದಾ? ಯಾವ ದೇಶ ಒಳ್ಳೆಯದು?

ಪಶುವೈದ್ಯ ಪದವಿ ಬಿ.ವಿ.ಎಸ್ಸಿ ಮುಗಿಯುತ್ತಾ ಬಂದಿದೆ, ಇಂಜೆಕ್ಷನ್‌ಗಿಂತ ಲೆಕ್ಕದಲ್ಲಿ ಆಸಕ್ತಿ ಜಾಸ್ತಿ, ಯಾವುದೋ ಸಂಸ್ಥೆ ದುಡ್ಡು ಕಟ್ಟಿಸಿಕೊಂಡು ಆಫ್ರಿಕಾಕ್ಕೆ ಕಳಿಸುತ್ತದೆ ಅಂತ ಬರೆದಿದ್ದೀರಿ. ಓದುತ್ತಿದ್ದರೆ ನಾನೇ ಬರೆದ ಹಾಗಿದೆ. ಹೆಬ್ಬಾಳದ ವೆಟರ್ನರಿ ಕಾಲೇಜಿನಲ್ಲಿ ಓದಿ, ತಿಪಟೂರಿನ ಕಡೆ ಸ್ವಲ್ಪ ಕಾಲ ಪ್ರಾಕ್ಟೀಸ್ ಮಾಡಿ, ನಾನೂ ಹೀಗೇ ಕೀನ್ಯಾಕ್ಕೆ ಹೊರಟೆ. ಯಾವ ದೇಶ ಒಳ್ಳೆಯದು ಅನ್ನುವುದಕ್ಕೆ ನಾನು ಉತ್ತರ ಕೊಡುವುದಿಲ್ಲ. ಅದು ಕೇಳಬೇಕಾದ ಪ್ರಶ್ನೆಯೇ ಅಲ್ಲ.

ನಾನು ಇದ್ದದ್ದು ಮುರಂಗಾ ಕೌಂಟಿಯಲ್ಲಿ. ನೈರೋಬಿಯಿಂದ ಉತ್ತರಕ್ಕೆ, ಅಬರ್ಡೇರ್ ಬೆಟ್ಟಗಳ ಇಳಿಜಾರು. ಮೇಲೆ ಟೀ, ಕೆಳಗೆ ಕಾಫಿ, ನಡುವೆ ಬಾಳೆ, ಕೆಂಪು ಮಣ್ಣು. ಒಬ್ಬೊಬ್ಬರಿಗೂ ಇರುವುದು ತುಂಡು ಜಮೀನು. ಹಾಗಾಗಿ ಹಸುಗಳನ್ನು ಮೇಯಲು ಬಿಡುವುದಿಲ್ಲ. ಹಲಗೆ ಹೊಡೆದ ಕೊಟ್ಟಿಗೆಯಲ್ಲಿ ಎರಡೋ ಮೂರೋ ಫ್ರೀಸಿಯನ್ ಮಿಶ್ರತಳಿ, ನೇಪಿಯರ್ ಹುಲ್ಲು ಕೊಯ್ದು ತಂದು ಹಾಕುತ್ತಾರೆ. ಹಾಲು ಸಹಕಾರ ಸಂಘಕ್ಕೆ ಹೋಗುತ್ತದೆ. ನಮ್ಮ ಡೇರಿ ನೋಡಿದವರಿಗೆ ಹೊಸದೇನೂ ಅನ್ನಿಸುವುದಿಲ್ಲ. ಅದೇ ನನಗೆ ಅತಿಯಾದ ಧೈರ್ಯ ಕೊಟ್ಟಿತು.

ಅಲ್ಲಿನ ದೊಡ್ಡ ತಲೆನೋವು ಈಸ್ಟ್ ಕೋಸ್ಟ್ ಫೀವರ್ ಅನ್ನುವ ದನಗಳ ರೋಗ. ನಮ್ಮಲ್ಲಿ ಮಿಶ್ರತಳಿ ಹಸುಗಳಿಗೆ ಬರುವ ಥೈಲೇರಿಯಾಸಿಸ್‌ನ ದಾಯಾದಿ. ರೋಗಾಣು ಇಲ್ಲಿ ಥೈಲೇರಿಯಾ ಆನ್ಯುಲೇಟಾ, ಅಲ್ಲಿ ಥೈಲೇರಿಯಾ ಪಾರ್ವಾ. ಅದನ್ನು ಹರಡುವುದು ಕಂದು ಬಣ್ಣದ ಒಂದು ಉಣ್ಣೆ ಹುಳ. ಹೆಚ್ಚಾಗಿ ಕಿವಿಯ ಒಳಗೇ ಕಚ್ಚಿ ಕೂತಿರುತ್ತದೆ. ಮೊದಲ ವಾರದಲ್ಲೇ ಒಂದು ಕರು ನೋಡಿದೆ. ಕಿವಿಯ ಬುಡಕ್ಕೆ ಕೈ ಹಾಕಿದರೆ ಗಡ್ಡೆ ನಿಂಬೆಹಣ್ಣಿನ ಗಾತ್ರ. ಮೈ ಸುಡುತ್ತಿತ್ತು. ಮೂಗಿನಲ್ಲಿ ಬಿಳಿ ನೊರೆ, ಕತ್ತು ಮುಂದಕ್ಕೆ ಚಾಚಿ ಉಸಿರು ಎಳೆಯುತ್ತಿತ್ತು. ಮನೆಯ ಅಜ್ಜಿ 'ಡಕ್ತಾರಿ, ಏನಾದರೂ ಮಾಡಿ' ಅಂತ ನನ್ನ ಮುಖ ನೋಡಿದರು. ಅಲ್ಲಿ ಪಶುವೈದ್ಯರನ್ನು ಕರೆಯುವುದು ಹಾಗೆ. ಬುಪಾರ್ವಾಕ್ವೋನ್ ಔಷಧಿ ಕೊಡಬೇಕು ಅಂತ ನನಗೆ ಗೊತ್ತು, ಇಲ್ಲಿ ಎಷ್ಟೋ ಹಸುಗಳಿಗೆ ಕೊಟ್ಟಿದ್ದೇನೆ. ಆದರೆ ಕೀನ್ಯಾ ವೆಟರ್ನರಿ ಬೋರ್ಡ್‌ನಲ್ಲಿ ನೋಂದಣಿ ಇಲ್ಲದೆ ಅಲ್ಲಿ ಸೂಜಿ ಮುಟ್ಟುವ ಹಾಗಿಲ್ಲ. ಹತ್ತಿರದ ಪಶುವೈದ್ಯರಿಗೆ ಫೋನ್ ಮಾಡಿಸಿ, ಪಕ್ಕದಲ್ಲಿ ನಿಂತು ನನ್ನ ಸರ್ವೆಯ ಪ್ರಶ್ನಾವಳಿ ತುಂಬಿದೆ. ಇದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿ.

ಇದಕ್ಕೊಂದು ಲಸಿಕೆ ಇದೆ, ಸ್ವಲ್ಪ ವಿಚಿತ್ರವಾದದ್ದು. ಜೀವಂತ ರೋಗಾಣುವನ್ನೇ ಚುಚ್ಚಿ, ಅದೇ ಹೊತ್ತಿಗೆ ಹೆಚ್ಚು ಕಾಲ ಕೆಲಸ ಮಾಡುವ ಆಕ್ಸಿಟೆಟ್ರಾಸೈಕ್ಲಿನ್ ಅನ್ನುವ ಆಂಟಿಬಯೋಟಿಕ್ ಕೊಡುತ್ತಾರೆ. ರೋಗ ಸಣ್ಣದಾಗಿ ಬಂದು ಹೋಗುತ್ತದೆ, ಶಕ್ತಿ ಉಳಿಯುತ್ತದೆ. ದ್ರವ ಸಾರಜನಕದಲ್ಲೇ ಸಾಗಿಸಬೇಕು. ಲಸಿಕೆಯ ಒಂದು ಸ್ಟ್ರಾದಲ್ಲಿ, ಅಂದರೆ ತೆಳು ಕೊಳವೆಯಲ್ಲಿ, ಹತ್ತಾರು ಕರುಗಳಿಗೆ ಆಗುವಷ್ಟು ಇರುತ್ತದೆ, ಕರಗಿಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ಮನೆಗೊಂದು ಕರು ಇರುವ ಊರಲ್ಲಿ ಅಷ್ಟು ಕರುಗಳನ್ನು ಒಂದೇ ಬೆಳಿಗ್ಗೆ ಒಂದು ಕಡೆ ಸೇರಿಸುವುದು ಹೇಗೆ? ಅದಕ್ಕೇ ಸಂಘದವರು ಒಂದು ಯೋಚನೆ ಮಾಡಿದ್ದರು. ಲಸಿಕೆ ಸಾಲದಲ್ಲಿ ಹಾಕಿಸುವುದು, ಹಾಲಿನ ಬಟವಾಡೆಯಲ್ಲಿ ಹಿಡಿದುಕೊಳ್ಳುವುದು. ಇದು ಗಿಟ್ಟುತ್ತದಾ ಅಂತ ಲೆಕ್ಕ ಹಾಕಿ ಹೇಳುವುದು ನನ್ನ ಕೆಲಸ.

ಲೆಕ್ಕದ ಸೂತ್ರ ಸರಳ. ಮ್ಯಾಕಿನರ್ನಿ ಅನ್ನುವ ಬ್ರಿಟಿಷ್ ಅರ್ಥಶಾಸ್ತ್ರಜ್ಞರು 1990ರ ದಶಕದಲ್ಲೇ ಹೇಳಿಟ್ಟಿದ್ದಾರೆ: ರೋಗದ ಒಟ್ಟು ವೆಚ್ಚ ಅಂದರೆ ಆದ ನಷ್ಟ, ಜೊತೆಗೆ ರೋಗ ತಡೆಯಲು ಮತ್ತು ವಾಸಿ ಮಾಡಲು ಮಾಡಿದ ಖರ್ಚು. ಖರ್ಚಿನ ಭಾಗ ನಾನು ಚೆನ್ನಾಗಿಯೇ ಮಾಡಿದೆ. ನಮ್ಮಲ್ಲಿ ಸರ್ಕಾರಿ ಪಶು ಆಸ್ಪತ್ರೆ ಇದೆ, ಖರ್ಚಿನ ಎಷ್ಟೋ ಭಾಗ ರೈತರ ಕಣ್ಣಿಗೇ ಬೀಳುವುದಿಲ್ಲ. ಅಲ್ಲಿ ಚಿಕಿತ್ಸೆ ಬಹುತೇಕ ಖಾಸಗಿ. ಡಾಕ್ಟರ ಬೈಕ್ ಬಂದು ಹೋದರೆ ದುಡ್ಡು, ಉಣ್ಣೆ ಔಷಧಿಗೆ ದುಡ್ಡು. ಹಿಂದೆ ದನಗಳನ್ನು ಔಷಧಿ ನೀರಿನಲ್ಲಿ ಮುಳುಗಿಸಿ ಎಬ್ಬಿಸುತ್ತಿದ್ದ ಸರ್ಕಾರಿ ಡಿಪ್ ತೊಟ್ಟಿಗಳು ಎಷ್ಟೋ ಕಡೆ ಹಾಳು ಬಿದ್ದಿವೆ. ವರ್ಷದಲ್ಲಿ ಎಷ್ಟು ಖರ್ಚಾಯಿತು ಅಂದರೆ ಯಾರಿಗೆ ನೆನಪಿರುತ್ತದೆ? 'ಎಂ-ಪೆಸಾ ಮೆಸೇಜ್ ಅಳಿಸಿಲ್ಲ ತಾನೇ?' ಅಂತ ಕೇಳತೊಡಗಿದೆ. ಅಲ್ಲಿ 2007ರಿಂದ ಫೋನಿನಲ್ಲೇ ದುಡ್ಡು ಕಳಿಸುತ್ತಾರೆ. 'ಏನೂ ಖರ್ಚಾಗಿಲ್ಲ' ಅಂದ ಒಬ್ಬ ಯಜಮಾನರ ಹಳೆಯ ಫೋನಿನಲ್ಲಿ ಬೆರಳಾಡಿಸುತ್ತಾ ಹೋದರೆ ಔಷಧಿ ಅಂಗಡಿಗೆ ಹೋದ ದುಡ್ಡಿನ ಸಾಲೇ ಸಿಕ್ಕಿತು. ಅವರಿಗೇ ಆಶ್ಚರ್ಯ.

ನಾನು ಎಡವಿದ್ದು ನಷ್ಟದ ಭಾಗದಲ್ಲಿ. ಇದನ್ನು ಸ್ವಲ್ಪ ಎಳೆದು ಹೇಳುತ್ತೇನೆ, ಸಹಿಸಿಕೊಳ್ಳಿ.

ನಮ್ಮ ರೂಪಾಯಿಯಲ್ಲೇ ಹೇಳುತ್ತೇನೆ, ಅಂಕಿಗಳು ಉದಾಹರಣೆಗೆ ಮಾತ್ರ. ಕರೆಯುವ ಹಸು ಒಂದು ಸತ್ತಿದೆ. ಸಂತೆಯಲ್ಲಿ ಅಂಥ ಹಸುವಿಗೆ 60,000. ಅದನ್ನು ನಷ್ಟಕ್ಕೆ ಬರೆದೆ. ಸರಿ. ಆಮೇಲೆ ಯೋಚಿಸಿದೆ: ಪಾಪ, ಹಸು ಮಾತ್ರ ಅಲ್ಲವಲ್ಲ, ಹಾಲೂ ಹೋಯಿತಲ್ಲ. ದಿನಕ್ಕೆ 10 ಲೀಟರ್, ಲೀಟರಿಗೆ 35, ವರ್ಷದಲ್ಲಿ 300 ದಿನ ಅಂದರೆ 1,05,000. ಇನ್ನೂ 3 ಸೂಲು ಕರೆಯುತ್ತಿತ್ತು. ಅಲ್ಲಿಗೆ 3,15,000. ಹಸುವಿನ ಬೆಲೆ ಸೇರಿಸಿ 3,75,000. ಎಕ್ಸೆಲ್‌ನಲ್ಲಿ ನೋಡಲು ಬಹಳ ಗಂಭೀರವಾಗಿ ಕಾಣುತ್ತಿತ್ತು.

ತಪ್ಪು ಕಂಡಿತಾ? ನನಗೆ ತಿಂಗಳುಗಟ್ಟಲೆ ಕಾಣಲಿಲ್ಲ. ಆ ಹಸುವಿಗೆ ಯಾರಾದರೂ 60,000 ಯಾಕೆ ಕೊಡುತ್ತಾರೆ? ಮುಂದೆ ಹಾಲು ಕರೆಯುತ್ತದೆ, ಕರು ಹಾಕುತ್ತದೆ ಅಂತಲೇ. ಮುಂದಿನ ಸೂಲುಗಳ ಲಾಭವೆಲ್ಲ ಆ ಬೆಲೆಯ ಒಳಗೇ ಕೂತಿದೆ. ಬೆಲೆಯನ್ನೂ ಹಿಡಿದು ಹಾಲನ್ನೂ ಹಿಡಿಯುವುದು, ಅಡಿಕೆ ತೋಟ ಮಾರಿ ದುಡ್ಡು ಎಣಿಸಿಕೊಂಡು, ಬರುವ ವರ್ಷದ ಅಡಿಕೆಯೂ ನಂದೇ ಅಂದ ಹಾಗೆ. ಎರಡರಲ್ಲಿ ಒಂದು ಹಿಡಿಯಬೇಕು.

ಅದರೊಳಗೆ ಇನ್ನೊಂದು ತಪ್ಪು. ಹಾಲಿನ ಪೂರ್ತಿ ದುಡ್ಡು ಬರೆದಿದ್ದೆ. ಸತ್ತ ಹಸು ಹುಲ್ಲು ತಿನ್ನುವುದಿಲ್ಲ, ಹಿಂಡಿ ಬೂಸ ಕೇಳುವುದಿಲ್ಲ. ಆ ಖರ್ಚು ಉಳಿಯಿತಲ್ಲ, ಅದನ್ನು ಕಳೆಯಬೇಕಿತ್ತು. ಸರಿಯಾದ ಲೆಕ್ಕ ಹೀಗೆ: ಹಸುವಿನ ಬೆಲೆ 60,000. ಬೇರೆ ಹಸು ತರಲು 2 ತಿಂಗಳು ಹಿಡಿಯಿತು ಅಂದುಕೊಳ್ಳಿ. ಆ 60 ದಿನದ ಹಾಲು 21,000, ಅದರಲ್ಲಿ ಉಳಿದ ಮೇವಿನ ಖರ್ಚು 14,000 ಕಳೆದರೆ 7,000. ಸಾಯುವ ಮೊದಲು ಮಾಡಿದ ಚಿಕಿತ್ಸೆ 3,000. ಒಟ್ಟು 70,000. ನನ್ನ ಅಂಕಿ ಇದರ ಐದು ಪಟ್ಟಿಗಿಂತ ಜಾಸ್ತಿ. ಸಾಯುವ ಮೊದಲೇ ಕಟುಕರಿಗೆ ಕೊಟ್ಟಿದ್ದರೆ ಬಂದ ದುಡ್ಡನ್ನೂ ಕಳೆಯಬೇಕು. ಕಾಯಿಲೆ ಬಂದು ಬದುಕಿದ ಹಸುವಿಗೆ ಮಾತ್ರ ಹಾಲಿನ ನಷ್ಟ ಬೇರೆಯಾಗಿ ಬರೆಯಬಹುದು, ಅಲ್ಲಿ ಹಸುವಿನ ಬೆಲೆ ಬರುವುದಿಲ್ಲ. ಸತ್ತದ್ದು ಬೇರೆ, ಬದುಕಿ ಸೊರಗಿದ್ದು ಬೇರೆ. ಇವೆರಡನ್ನು ಒಂದೇ ಕಾಲಮ್ಮಿನಲ್ಲಿ ಕಲಸಿದ್ದೇ ಮೂಲ ಕಾರಣ.

ಸಂಘದ ಕಚೇರಿಯಲ್ಲಿ ಸಭೆ. ನಾನು ಸ್ಲೈಡ್ ಹಾಕಿದೆ. ಖಜಾಂಚಿ ಒಬ್ಬರು ಹೆಂಗಸು, ಸ್ವತಃ ಹಸು ಸಾಕಿದವರು. ಕೈಯಲ್ಲಿ ಪೆನ್ನು ಹಿಡಿದು ನೋಡುತ್ತಾ ಕೂತಿದ್ದರು. ಎಲ್ಲ ಮುಗಿದ ಮೇಲೆ ಕೇಳಿದರು: 'ಡಕ್ತಾರಿ, ಮೂರು ಮುಕ್ಕಾಲು ಲಕ್ಷದ ಹಸುವನ್ನ ಅರವತ್ತು ಸಾವಿರಕ್ಕೆ ಮಾರುವವರು ಯಾರು? ಮನೆ ತೋರಿಸಿ, ನಾನೇ ಹತ್ತು ತಗೋತೀನಿ.' ಎಲ್ಲರೂ ನಕ್ಕರು. ನಾನೂ ನಕ್ಕೆ, ಅರ್ಥವಾಗದೆ. ಅವರು ಬಿಡಲಿಲ್ಲ. ಒಟ್ಟು ನಷ್ಟ ಅಂತ ಕೊನೆಯ ಸ್ಲೈಡಿನಲ್ಲಿ ಹಾಕಿದ್ದೆನಲ್ಲ, ಅದು ಸಂಘದ ಇಡೀ ವರ್ಷದ ವಹಿವಾಟಿಗಿಂತ ಜಾಸ್ತಿ ಇದೆ ಅಂತ ತೋರಿಸಿದರು. ಆಗ ನನಗೆ ಬೆವರು ಬಂತು.

ರಾತ್ರಿ ಕೂತು ಸರಿ ಮಾಡಿದೆ. ತಮಾಷೆ ಏನೆಂದರೆ ಸರಿ ಮಾಡಿದ ಅಂಕಿಯಲ್ಲೂ ಲಸಿಕೆ ಗಿಟ್ಟುತ್ತಿತ್ತು. ಉಬ್ಬಿಸುವ ಅಗತ್ಯವೇ ಇರಲಿಲ್ಲ. ಆದರೆ ಮುಂದಿನ ಸಭೆಯಲ್ಲಿ ಹಾಲು ತಂಪು ಮಾಡುವ ಟ್ಯಾಂಕಿನ ಮಾತು ಬಂತು, ಲಸಿಕೆ ಸಾಲ ಹಿಂದೆ ಸರಿಯಿತು. ಎಂ-ಪೆಸಾದಿಂದ ಹೆಕ್ಕಿ ತೆಗೆದ ಒಳ್ಳೆಯ ಅಂಕಿಗಳನ್ನೂ ಯಾರೂ ನಂಬಲಿಲ್ಲ. ನನ್ನನ್ನು ಇಟ್ಟುಕೊಂಡಿದ್ದ ಸಂಸ್ಥೆಯಿಂದ ಸಿಕ್ಕ ಶಿಫಾರಸು ಪತ್ರದಲ್ಲಿ 'ಸಮಯಕ್ಕೆ ಸರಿಯಾಗಿ ಬರುತ್ತಿದ್ದರು' ಅಂತ ಇತ್ತು. ಅಂಥ ಪತ್ರ ಹಿಡಿದು ಪಿಎಚ್‌ಡಿಗೆ ಅರ್ಜಿ ಹಾಕಿದರೆ ಏನಾಗುತ್ತದೋ ಅದೇ ಆಯಿತು.

ಈಗ ನಿಮ್ಮ ಪ್ರಶ್ನೆಗೆ. ಆ ತಪ್ಪನ್ನು ಅರ್ಥಶಾಸ್ತ್ರ ಓದಿದ ಯಾರಾದರೂ ಹತ್ತು ನಿಮಿಷದಲ್ಲಿ ಹಿಡಿಯುತ್ತಿದ್ದರು. ನನ್ನ ಎಕ್ಸೆಲ್ ತೆರೆದು ನೋಡಿದವರೇ ಇರಲಿಲ್ಲ. ಕಳಿಸಿದ ಸಂಸ್ಥೆಗೆ ನಾನು ಹೋದೆನಾ, ಫೋಟೋ ಬಂತಾ, ಅಷ್ಟೇ ಮುಖ್ಯ. ಅಲ್ಲಿನ ಸಂಸ್ಥೆಗೆ ನಾನು ಬಿಟ್ಟಿ ಕೈ. ಸಂಬಳ ಕೊಡುವವರು ಕೆಲಸ ಕೇಳುತ್ತಾರೆ, ತಪ್ಪಾದರೆ ಬೈಯುತ್ತಾರೆ. ವಾಲಂಟಿಯರನ್ನು ಯಾರೂ ಬೈಯುವುದಿಲ್ಲ, ಟೀ ಕೊಟ್ಟು ಸುಮ್ನಾಗುತ್ತಾರೆ. ನಮ್ಮಂಥ ಪಶುವೈದ್ಯರಿಗೆ ಇದು ಇನ್ನೂ ಅಪಾಯ. ರೋಗ ಗೊತ್ತು, ಹಸು ಗೊತ್ತು, ಲೆಕ್ಕವೂ ಗೊತ್ತು ಅಂದುಕೊಂಡುಬಿಡುತ್ತೇವೆ.

ಆದ್ದರಿಂದ ದುಡ್ಡು ಕೊಟ್ಟು ಹೋಗಬೇಡಿ. ಇದರಲ್ಲಿ ಎರಡು ಮಾತಿಲ್ಲ. ಹೋಗಲೇಬೇಕು ಅಂದರೆ, ನಿಮ್ಮ ಲೆಕ್ಕವನ್ನು ತಿಂಗಳಿಗೊಮ್ಮೆಯಾದರೂ ನೋಡುವ ವ್ಯಕ್ತಿ ಯಾರು ಅಂತ ಮೊದಲು ಕೇಳಿ. ಹೆಸರು ಬೇಕು, 'ನಮ್ಮ ತಂಡ' ಅನ್ನುವ ಉತ್ತರ ಬೇಡ. ಆ ವ್ಯಕ್ತಿ ಏನೇನು ಬರೆದಿದ್ದಾರೆ ಅಂತ ಓದಿ, ಅವರಿಗೇ ನೇರ ಮೇಲ್ ಹಾಕಿ. ಉತ್ತರ ಬರಲಿಲ್ಲ ಅಂದರೆ ಹೋದ ಮೇಲೂ ಬರುವುದಿಲ್ಲ. ವಿಶ್ವಸಂಸ್ಥೆಯ ಸ್ವಯಂಸೇವಕ ಯೋಜನೆಯಾದ ಯುಎನ್‌ವಿ ಮೂಲಕ ಹೋದರೆ ಜೀವನ ಭತ್ಯೆ ಕೊಡುತ್ತಾರೆ, ಕೆಲಸದ ವಿವರವೂ ಬರವಣಿಗೆಯಲ್ಲಿರುತ್ತದೆ. ಆದರೆ ಪದವಿ ಮುಗಿಸಿದ ಕೂಡಲೇ ಪರಿಣತರ ಹುದ್ದೆ ಸಿಗುವುದಿಲ್ಲ, ಅನುಭವ ಕೇಳುತ್ತಾರೆ. ನನ್ನ ಕೇಳಿದರೆ ಎಂ.ವಿ.ಎಸ್ಸಿಗೋ ಪಿಎಚ್‌ಡಿಗೋ ಸೇರಿ, ವಿದ್ಯಾರ್ಥಿಯಾಗಿ ನೈರೋಬಿಯ ಅಂತರರಾಷ್ಟ್ರೀಯ ಜಾನುವಾರು ಸಂಶೋಧನಾ ಸಂಸ್ಥೆ ಇಲ್ರಿಯಂಥ ಜಾಗಕ್ಕೆ ಹೋಗುವುದು ಎಷ್ಟೋ ಮೇಲು. ಆಗ ನಿಮ್ಮ ತಪ್ಪಿಗೆ ಗೈಡ್ ಕೂಡ ಉತ್ತರ ಹೇಳಬೇಕಾಗುತ್ತದೆ.

ಇನ್ನೊಂದು ಮಾತು. ಅನುಭವಕ್ಕೆ ಆಫ್ರಿಕಾನೇ ಯಾಕೆ? ಯಲಹಂಕದಲ್ಲಿ ನಿವೇದಿ ಇದೆ, ಪಶುರೋಗಗಳ ಹರಡುವಿಕೆ ಮತ್ತು ಮಾಹಿತಿಗೇ ಮೀಸಲಾದ, ಭಾರತೀಯ ಕೃಷಿ ಸಂಶೋಧನಾ ಮಂಡಳಿಯ (ಐಸಿಎಆರ್) ಸಂಸ್ಥೆ, ರೋಗಗಳಿಂದಾಗುವ ಆರ್ಥಿಕ ನಷ್ಟದ ಅಧ್ಯಯನವೂ ಅಲ್ಲಿ ನಡೆಯುತ್ತದೆ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ನಿಮ್ಮ ಊರಲ್ಲೇ ಎಷ್ಟು ಮನೆಯ ಕೊಟ್ಟಿಗೆ ಖಾಲಿಯಾಯಿತು, ಬದುಕಿದ ಹಸುವಿನ ಕರಾವು ಎಷ್ಟು ಇಳಿಯಿತು, ಎತ್ತು ಸತ್ತವರು ಉಳುಮೆಗೆ ಟ್ರ್ಯಾಕ್ಟರ್ ಬಾಡಿಗೆ ಎಷ್ಟು ಕೊಟ್ಟರು? ಹಾಲಿನ ಡೇರಿಯ ಕಾರ್ಯದರ್ಶಿ ಹತ್ತಿರ ಮನೆಮನೆಯ ಲೆಕ್ಕ ಇರುತ್ತದೆ, ಹೊತ್ತಿಗೆ ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಲ್ಲ. ಒಂದು ಊರಿನದ್ದು ಮಾಡಿ, ಒಬ್ಬ ಅರ್ಥಶಾಸ್ತ್ರಜ್ಞರ ಕೈಗೆ ಕೊಟ್ಟು ಕೆಂಪು ಶಾಯಿಯಲ್ಲಿ ಗೀಚಿಸಿಕೊಳ್ಳಿ. ಪ್ರಾಣಿರೋಗಗಳ ಜಾಗತಿಕ ಹೊರೆ ಅಳೆಯುವ ಜಿಬ್ಯಾಡ್ಸ್ ಅನ್ನುವ ಯೋಜನೆ ಲಿವರ್‌ಪೂಲ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ ನಡೆಯುತ್ತಿದೆ, ಇಥಿಯೋಪಿಯಾದಲ್ಲಿ ಅವರು ಮಾಡಿದ ಕೆಲಸ ನೋಡಿ. ಲೆಕ್ಕದ ಶಿಸ್ತು ಹೇಗಿರಬೇಕು ಅಂತ ಗೊತ್ತಾಗುತ್ತದೆ.

ಇಷ್ಟೆಲ್ಲ ಹೇಳಿದರೂ ನೀವು ಕೀನ್ಯಾಕ್ಕೇ ಹೊರಟರೆ: ಟೂರಿಸ್ಟ್ ಆಗಿ ಹೋಗಿ ಸರ್ವೆ ಮಾಡುವ ಹಾಗಿಲ್ಲ. ನ್ಯಾಕೋಸ್ಟಿ ಅನ್ನುವ ಸರ್ಕಾರಿ ಆಯೋಗದಿಂದ ಸಂಶೋಧನಾ ಲೈಸೆನ್ಸ್ ಬೇಕು, ವಿದೇಶಿಯರಾದರೆ ಅಲ್ಲಿನ ಸಂಸ್ಥೆಯೊಂದರ ಜೊತೆ ನಂಟೂ ಇರಬೇಕು. 'ಅದೆಲ್ಲ ಬಂದ ಮೇಲೆ ನೋಡೋಣ' ಅನ್ನುವವರನ್ನು ನಂಬಬೇಡಿ. ಮತ್ತೆ ಯೆಲ್ಲೋ ಫೀವರ್ ಲಸಿಕೆ. ಹೊರಡುವ 10 ದಿನ ಮೊದಲೇ ಹಾಕಿಸಿಕೊಂಡಿರಬೇಕು, ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ಆ ಹಳದಿ ಕಾರ್ಡನ್ನು ಪಾಸ್‌ಪೋರ್ಟಿನ ಒಳಗೇ ಇಟ್ಟುಕೊಳ್ಳಿ. ಅದಿಲ್ಲದೆ ವಾಪಸ್ ಬಂದರೆ ಏರ್‌ಪೋರ್ಟಿನಿಂದ ಮನೆಗೆ ಬಿಡುವುದಿಲ್ಲ, ನೇರ ಕ್ವಾರಂಟೈನ್.