ಹೊಲದ ಗೊಬ್ಬರ, ಕೆರೆಯ ಹಸಿರು ನೀರು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬೇಸಿಗೆ ಬಂತೆಂದರೆ ನಮ್ಮೂರ ಕೆರೆಯ ನೀರು ಹಸಿರಾಗುತ್ತದೆ. ಈ ಸಲ ಮೀನು ಸತ್ತು ತೇಲಿದವು. ‘ನಿಮ್ಮ ಹೊಲದ ಗೊಬ್ಬರದಿಂದಲೇ ಹೀಗಾಯ್ತು’ ಅಂತ ಮೀನು ಸಾಕುವವರು ನಮ್ಮ ಮೇಲೆ ಬರುತ್ತಿದ್ದಾರೆ. ಆದರೆ ಊರಿನ ಚರಂಡಿ ನೀರೂ ಅದೇ ಕೆರೆಗೆ ಸೇರುತ್ತದೆ. ತಪ್ಪು ಯಾರದು? (ಹರಿಹರ ತಾಲ್ಲೂಕಿನ ರೈತರೊಬ್ಬರು)

ಉತ್ತರ: ಎರಡೂ ಕಡೆಯದ್ದು ಇರುತ್ತದೆ. ಯಾರದು ಜಾಸ್ತಿ ಅನ್ನುವುದನ್ನು ಕೆರೆಗೆ ನೀರು ಬರುವ ಕಾಲುವೆಯ ಬಾಯಲ್ಲೇ ನೋಡಬಹುದು. ಮುಂಗಾರಿನ ಮೊದಲ ದೊಡ್ಡ ಮಳೆಗೆ ನೀರು ಕೆಂಪಗೆ, ಮಂದವಾಗಿ ಬಂತಾ? ಅದು ಹೊಲದ ಮೇಲ್ಮಣ್ಣು. ಮಳೆಯೇ ಇಲ್ಲದ ದಿನವೂ ಕಪ್ಪು ನೀರು ವಾಸನೆ ಹೊಡೆಯುತ್ತಾ ಸೇರುತ್ತಿದೆಯಾ? ಅದು ಚರಂಡಿ. ಬೇಸಿಗೆಯಲ್ಲಿ ಹೊಸ ನೀರು ಬರದೆ ಚರಂಡಿ ನೀರು ಮಾತ್ರ ಸೇರುತ್ತಿದ್ದರೆ ಕೆರೆ ಬೇಗ ಕೆಡುತ್ತದೆ.

ನೀರು ಹಸಿರಾಗುವುದು ಪಾಚಿಯಿಂದ. ಪಾಚಿಗೆ ಬೇಕಾದ್ದು ಮುಖ್ಯವಾಗಿ ರಂಜಕ ಮತ್ತು ಸಾರಜನಕ. 50 ಕೆ.ಜಿ.ಯ ಒಂದು ಡಿಎಪಿ (ರಂಜಕ, ಸಾರಜನಕ ಎರಡೂ ಇರುವ ಗೊಬ್ಬರ) ಚೀಲದಲ್ಲಿ ಸುಮಾರು 10 ಕೆ.ಜಿ. ರಂಜಕ ಇರುತ್ತದೆ. ಮಣ್ಣಿನೊಳಗೆ ಸೇರಿದ ಮೇಲೆ ಅದರ ಬಹುಪಾಲು ಮಣ್ಣಿನ ಸಣ್ಣ ಕಣಗಳಿಗೆ ಅಂಟಿಕೊಳ್ಳುತ್ತದೆ. ಮಣ್ಣು ಕೊಚ್ಚಿ ಹೋದರೆ ಅದೂ ಹೋಗುತ್ತದೆ. ಯೂರಿಯಾದ ದಾರಿಯೇ ಬೇರೆ. ಅದರ ಸಾರಜನಕ ನೈಟ್ರೇಟ್ ಆಗಿ ಕೆಳಗಿಳಿದು ಬೋರ್‌ವೆಲ್ ನೀರಿಗೂ ಸೇರಬಹುದು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಹಸುಗೂಸುಗಳಿಗಂತೂ ಅದು ಅಪಾಯ. ನೀರು ಕುದಿಸಿದರೂ ಹೋಗುವುದಿಲ್ಲ. ಹಾಗಾಗಿ ಕೆರೆಯ ಜೊತೆ ಕುಡಿಯುವ ಬೋರ್ ನೀರನ್ನೂ ಪರೀಕ್ಷೆ ಮಾಡಿಸಿ.

ಮೀನು ಸಾಯುವುದು ಉಸಿರು ಕಟ್ಟಿ. ಪಾಚಿ ಹಗಲಲ್ಲಿ ನೀರಿಗೆ ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಬಳಸಿಕೊಳ್ಳುತ್ತದೆ. ಬೆಳಗಿನ ಜಾವಕ್ಕೆ ನೀರಿನಲ್ಲಿ ಏನೂ ಉಳಿದಿರುವುದಿಲ್ಲ. ಕೋಳಿ ಕೂಗುವ ಹೊತ್ತಿಗೆ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಅದೇ ಎಚ್ಚರಿಕೆ. ಬಣ್ಣ ಬಳಿದ ಹಾಗೆ ನೀರಿನ ಮೇಲೆ ಹಸಿರು ಕೆನೆ ಕಟ್ಟಿದ್ದರೆ ದನಕರುಗಳಿಗೆ ಆ ನೀರು ಕುಡಿಸಬೇಡಿ. ಕೆಲವು ಜಾತಿಯ ಪಾಚಿ ವಿಷ ಬಿಡುತ್ತವೆ.

ನಿಮ್ಮ ಕೈಯಲ್ಲಿರುವುದು ಇಷ್ಟು. ಡಿಎಪಿಯನ್ನು ಮೇಲೆ ಎರಚಬೇಡಿ, ಬಿತ್ತನೆಯ ಜೊತೆ ಕೂರಿಗೆಯಲ್ಲಿ ಮಣ್ಣಿನೊಳಗೆ ಬಿಡಿ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ವರ್ಷಗಟ್ಟಲೆ ಡಿಎಪಿ ಕಂಡ ಹೊಲದಲ್ಲಿ ರಂಜಕ ಆಗಲೇ ಸಾಕಷ್ಟಿರಬಹುದು, ಸುಮ್ನೆ ದುಡ್ಡು ದಂಡ. ಯೂರಿಯಾವನ್ನು ಎರಡು ಮೂರು ಸಲ ಹಂಚಿ ಕೊಡಿ. ಭತ್ತದ ಗದ್ದೆಯಾದರೆ ಗೊಬ್ಬರ ಹಾಕಿದ ಮೇಲೆ ಕೆಲವು ದಿನ ನೀರು ಹೊರಗೆ ಬಿಡಬೇಡಿ. ಕಾಲುವೆಯ ಅಂಚಿನ ತನಕ ಉಳುವುದು, ಅಲ್ಲಿನ ಹುಲ್ಲಿಗೆ ಕಳೆನಾಶಕ ಹೊಡೆಯುವುದು ಈಗ ಎಲ್ಲ ಕಡೆ ಕಾಣುತ್ತದೆ. ದಯವಿಟ್ಟು ಆ ಹುಲ್ಲು ಬಿಡಿ. ಹರಿದು ಬರುವ ಮಣ್ಣನ್ನು ಹಿಡಿಯುವುದು ಅದೇ.

ಆದರೆ ರೈತರು ಎಷ್ಟೇ ಮಾಡಿದರೂ ಚರಂಡಿ ಹಾಗೇ ಇದ್ದರೆ ಪ್ರಯೋಜನವಿಲ್ಲ, ಅಲ್ವಾ? ಚರಂಡಿ ಪಂಚಾಯಿತಿಯದು. ಮೀನು ಮೀನುಗಾರಿಕೆ ಇಲಾಖೆಯದು. ಗೊಬ್ಬರದ ಮಾತು ಕೃಷಿ ಇಲಾಖೆಯದು. ಅಚ್ಚುಕಟ್ಟು (ಕೆರೆಯ ನೀರು ಉಣ್ಣುವ ಜಮೀನು) 40 ಹೆಕ್ಟೇರಿನ ಒಳಗಿದ್ದರೆ ಕೆರೆ ಜಿಲ್ಲಾ ಪಂಚಾಯಿತಿಗೆ, ಮೀರಿದರೆ ಸಣ್ಣ ನೀರಾವರಿ ಇಲಾಖೆಗೆ. ಮೇಲಿನ ಊರಿನ ಕೆರೆ ಕೋಡಿ ಬಿದ್ದರೆ ಆ ನೀರು ನಿಮ್ಮ ಕೆರೆಗೇ ಬರುತ್ತದೆ, ಅದರ ಹೊಣೆ ಹೊರುವವರೂ ಇಲ್ಲಿಲ್ಲ. ನಮ್ಮ ಕೆರೆಗಳು ಸೊರಗಿರುವುದಕ್ಕೆ ಈ ಹಂಚಿಹೋದ ಹೊಣೆಯೇ ದೊಡ್ಡ ಕಾರಣ ಎಂದು ನಾನು ನಂಬಿದ್ದೇನೆ. ಮೀನು ಸಾಕುವವರ ಜೊತೆ ಜಗಳ ಬಿಟ್ಟು, ಅವರನ್ನೂ ಮೇಲಿನ ಊರಿನವರನ್ನೂ ಕರೆದುಕೊಂಡು ಗ್ರಾಮಸಭೆಗೆ ಹೋಗಿ. ಚರಂಡಿ ನೀರು ಕೆರೆ ಸೇರುವ ಮೊದಲು ಒಂದು ಹೊಂಡದಲ್ಲಿ ನಿಂತು, ಜೊಂಡಿನ ನಡುವೆ ಹಾದು ಬರುವಂತೆ ಮಾಡಿ ಎಂದು ಒಟ್ಟಾಗಿ ಕೇಳಿ.

ಪ್ರಶ್ನೆ: ಜೆಸಿಬಿ ತರಿಸಿ ಅಂತರಗಂಗೆ ಪೂರ್ತಿ ತೆಗೆಸಿದೆವು. ನಾಲ್ಕೇ ತಿಂಗಳಲ್ಲಿ ಮತ್ತೆ ಕೆರೆ ಮುಚ್ಚಿತು. ಏನು ಮಾಡುವುದು? (ಚನ್ನಪಟ್ಟಣದ ಓದುಗರು)

ಉತ್ತರ: ಬೇಸರವಾಗುವುದು ಸಹಜ. ನೇರಳೆ ಹೂವಿನ ಈ ಕಳೆ ದಕ್ಷಿಣ ಅಮೆರಿಕದ್ದು. ಕೊಳಚೆ ನೀರು ಸಿಕ್ಕಿದರೆ ಎರಡು ವಾರದಲ್ಲಿ ದುಪ್ಪಟ್ಟಾಗಬಲ್ಲದು. ಬೀಜ ಹೂಳಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಒಳಹರಿವು ಸರಿಮಾಡದೆ ಕಳೆ ತೆಗೆದರೆ ಅದು ಮರಳಿ ಬಂದೇ ಬರುತ್ತದೆ. ಇನ್ನೊಂದು ಮಾತು: ತೆಗೆದದ್ದನ್ನು ಏರಿಯ ಮೇಲೆ ರಾಶಿ ಹಾಕಿದ್ದಿರಾ? ಅದು ಕೊಳೆತು ಮಳೆಗೆ ಮತ್ತೆ ಕೆರೆಗೇ ಇಳಿಯುತ್ತದೆ. ಹೂ ಬಿಡುವ ಮುಂಚೆ ತೆಗೆಸಿ, ದೂರ ಸಾಗಿಸಿ ಗೊಬ್ಬರ ಮಾಡಿ. ಕಾರ್ಖಾನೆ ನೀರು ಸೇರುವ ಕೆರೆಯದ್ದಾದರೆ ಮಾತ್ರ ತರಕಾರಿಗೆ ಹಾಕಬೇಡಿ, ದನಕ್ಕೂ ಬೇಡ. ಈ ಕಳೆ ಲೋಹಗಳನ್ನು ಹೀರಿಕೊಂಡಿರುತ್ತದೆ.

ಪ್ರಶ್ನೆ: ನಮ್ಮ ಕೆರೆಗೂ ಹಕ್ಕಿಗಳು ಬರುತ್ತವೆ. ರಾಮ್ಸಾರ್ ತಾಣ ಎಂದು ಘೋಷಿಸಿದರೆ ಬೇಸಾಯ ನಿಲ್ಲಿಸುತ್ತಾರಾ? (ಗದಗ ಜಿಲ್ಲೆಯ ಓದುಗರು)

ಉತ್ತರ: ಇಲ್ಲ. ರಾಮ್ಸಾರ್ ಅನ್ನುವುದು ಕೆರೆ, ಜೌಗು ಪ್ರದೇಶಗಳನ್ನು ಉಳಿಸಲು ದೇಶಗಳು ಮಾಡಿಕೊಂಡ ಒಪ್ಪಂದ, ಅದರ ಪಟ್ಟಿಗೆ ಸೇರಿದ್ದೇ ರಾಮ್ಸಾರ್ ತಾಣ. ನಿಮ್ಮ ಜಿಲ್ಲೆಯ ಮಾಗಡಿ ಕೆರೆ, ಹಗರಿಬೊಮ್ಮನಹಳ್ಳಿ ಹತ್ತಿರದ ಅಂಕಸಮುದ್ರ ಎರಡೂ 2024ರಲ್ಲಿ ಆ ಪಟ್ಟಿಗೆ ಸೇರಿದವು. ಎರಡೂ ನೀರಾವರಿಗೆಂದೇ ಕಟ್ಟಿದ ಕೆರೆಗಳು. ಕೆರೆಯನ್ನು ಕೆಡಿಸದೆ ಬಳಸಿ ಅನ್ನುವುದೇ ಈ ಒಪ್ಪಂದದ ತಿರುಳು. 2017ರ ಜೌಗು ಪ್ರದೇಶ ನಿಯಮಗಳು ತಡೆಯುವುದು ಒತ್ತುವರಿ, ಕಸ ಸುರಿಯುವುದು, ಶುದ್ಧೀಕರಿಸದ ಕೊಳಚೆ ಬಿಡುವುದು, ಕಳೆದ ಹತ್ತು ವರ್ಷಗಳಲ್ಲಿ ನೀರು ಸರಾಸರಿ ಏರಿದ ಗರಿಷ್ಠ ಮಟ್ಟದಿಂದ 50 ಮೀಟರಿನೊಳಗೆ ಕಾಯಂ ಕಟ್ಟಡ ಕಟ್ಟುವುದು, ಇಂಥವನ್ನು. ಕೆರೆಯಂಗಳ ಒತ್ತಿ ಉಳುತ್ತಿರುವವರಿಗೆ ತೊಂದರೆಯಾಗುತ್ತದೆ ನಿಜ, ಸ್ವಂತ ಹೊಲದವರಿಗಲ್ಲ.

ಮಾಗಡಿಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲ ಹೊಲಗಳಲ್ಲೂ ಮೇಯುತ್ತವೆ. ಹಾಗಾಗಿ ಕೆರೆಯಂಚಿನಲ್ಲಿ ಹಿಂಗಾರು ಬಿತ್ತುವವರು ಔಷಧಿ ಲೇಪಿಸಿದ ಬೀಜವನ್ನು ಮಣ್ಣಿನ ಮೇಲೆ ಚೆಲ್ಲಿ ಬಿಡಬಾರದು. ಉಳಿದದ್ದನ್ನು ಮಣ್ಣಿನಲ್ಲಿ ಆಳವಾಗಿ ಮುಚ್ಚಿ, ಸಿಂಪಡಣೆಯ ಕ್ಯಾನನ್ನು ಕೆರೆಯಲ್ಲಿ ತೊಳೆಯಬೇಡಿ.